ವಾದ್ಯ ಕೊಳ್ಳಲು ಹಣವಿಲ್ಲದ ಹಳ್ಳಿಯ ಬಡ ಮಕ್ಕಳಿಗೆ ಸಂಗೀತವನ್ನು ಸರಿಯಾಗಿ ಕಲಿಸಲು ಸಾಧ್ಯವೇ?

ಖಂಡಿತ ಸಾಧ್ಯ. ಮಗುವಿನ ಕಂಠವೇ ಮೊದಲ ವಾದ್ಯ. ಹಣವಿದ್ದವರ ಮಕ್ಕಳೂ ಅಲ್ಲಿಂದಲೇ ಶುರು ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೀಬೋರ್ಡಿನ ಮನೆ ಒತ್ತಿದರೆ ಸ್ವರ ತಾನಾಗಿ ಬರುತ್ತದೆ, ಕಿವಿ ಸುಮ್ಮನಿದ್ದರೂ ನಡೆಯುತ್ತದೆ. ಹಾಡುವಾಗ ಹಾಗಲ್ಲ. ಸ್ವರವನ್ನು ಮೊದಲು ಮನಸ್ಸಿನಲ್ಲಿ ಕೇಳಿಸಿಕೊಂಡು ಆಮೇಲೆ ಹೊರಡಿಸಬೇಕು. ಈ ಒಳಗಿವಿ ಒಮ್ಮೆ ಪಳಗಿತೆಂದರೆ, ಮುಂದೆ ಯಾವ ವಾದ್ಯ ಕೈಗೆ ಬಂದರೂ ತಪ್ಪು ಸ್ವರ ತಕ್ಷಣ ಗೊತ್ತಾಗುತ್ತದೆ.

ಹಂಗೇರಿಯ ಸಂಗೀತಗಾರ ಜೋಲ್ತಾನ್ ಕೊದಾಯ್ ಅವರ ಪದ್ಧತಿ ನಿಂತಿರುವುದು ಇದರ ಮೇಲೆಯೇ. ಇಂಗ್ಲೆಂಡಿನ ಜಾನ್ ಕರ್ವೆನ್ ರೂಪಿಸಿದ್ದ ಕೈಸನ್ನೆಗಳನ್ನು ಅದರಲ್ಲಿ ಬಳಸುತ್ತಾರೆ: 'ದೊ' ಸ್ವರಕ್ಕೆ (ನಮ್ಮ 'ಸ') ಸೊಂಟದ ಬಳಿ ಮುಷ್ಟಿ, 'ಸೊ' ಸ್ವರಕ್ಕೆ (ನಮ್ಮ 'ಪ') ಎದೆಯತ್ತ ತಿರುಗಿಸಿದ ಅಂಗೈ. ಸ್ವರ ಏರಿದಂತೆ ಕೈಯೂ ಏರುತ್ತದೆ. ಓದು ಬಾರದ ಮಗುವೂ ಸ್ವರದ ಏರಿಳಿತವನ್ನು ಕಣ್ಣಾರೆ ಕಾಣುತ್ತದೆ. ಪುಸ್ತಕ ಬೇಡ, ವಿದ್ಯುತ್ತೂ ಬೇಡ.

ವಾದ್ಯದ ಹಂತಕ್ಕೂ ದಾರಿಯಿದೆ. ವೆನೆಜುವೆಲಾದಲ್ಲಿ ಹೊಸೆ ಆಂತೋನಿಯೊ ಅಬ್ರೆಯು 1975ರಲ್ಲಿ ಆರಂಭಿಸಿದ 'ಎಲ್ ಸಿಸ್ತೆಮಾ' ಎಂಬ ಮಕ್ಕಳ ಸಂಗೀತ ಶಿಕ್ಷಣ ಯೋಜನೆಯಲ್ಲಿ ಪುಟಾಣಿಗಳು ಕಾಗದದ ಪಿಟೀಲು ಹಿಡಿದು ಕೂರುವ ಭಂಗಿ, ಕಮಾನು ಹಿಡಿಯುವ ರೀತಿ ಕಲಿತು ನಂತರ ನಿಜವಾದ ಪಿಟೀಲಿಗೆ ಬರುತ್ತಾರೆ.

ಹಣಕ್ಕಿಂತ ಕಷ್ಟದ್ದು ಶಿಕ್ಷಕರನ್ನು ಉಳಿಸಿಕೊಳ್ಳುವುದು. ತಿಂಗಳಿಗೊಮ್ಮೆ ನಗರದಿಂದ ಬಂದು ಹೋಗುವ ಪರಿಣತರಿಗಿಂತ, ವಾರಕ್ಕೆ ಮೂರು ಸಲ ಅರ್ಧ ಗಂಟೆ ಹಾಡಿಸುವ ಊರಿನ ಶಿಕ್ಷಕಿಯೇ ಮಕ್ಕಳಿಗೆ ಹೆಚ್ಚು ಕಲಿಸಬಲ್ಲರು. ಶ್ರುತಿಜ್ಞಾನ ಬೆಳೆಯುವುದು ಆಗಾಗ ಕೇಳಿ, ಆಗಾಗ ಹಾಡುವುದರಿಂದ.