ಊರಿಗೆಲ್ಲ ಗೊತ್ತಿರುವ ಕೇಸಿಗೆ ಜ್ಯೂರಿ ಎಲ್ಲಿಂದ ತರುತ್ತಾರೆ?

ಶಿವಮೊಗ್ಗದ ನಿವೃತ್ತ ಮೇಷ್ಟ್ರೊಬ್ಬರು ಬರೆದ ಪತ್ರದ ಸಾರಾಂಶ ಇದು: "ನನ್ನ ಮಗಳು ಅಮೆರಿಕದ ಬಾಸ್ಟನ್ ಹತ್ತಿರ ಇದ್ದಾಳೆ. ಅಲ್ಲಿನ ಪೌರತ್ವ ಸಿಕ್ಕಿದೆ. ಮೊನ್ನೆ ಜ್ಯೂರಿ ಕೆಲಸಕ್ಕೆ, ಅಂದರೆ ಸಾಮಾನ್ಯ ಜನರೇ ಕೋರ್ಟಿನಲ್ಲಿ ಕೂತು ಕೇಸು ತೀರ್ಮಾನಿಸುವ ಕೆಲಸಕ್ಕೆ, ಬನ್ನಿ ಅಂತ ಅವಳಿಗೆ ಕೋರ್ಟಿನಿಂದ ಕಾಗದ ಬಂತು. ಮಾತಿಗೆ ಮಾತು ಬಂದು ಮ್ಯಾರಥಾನ್ ಬಾಂಬ್ ಕೇಸಿನ ವಿಷಯಕ್ಕೆ ಹೋಯಿತು. ಇಡೀ ಊರೇ ಟಿ.ವಿ. ಮುಂದೆ ಕೂತು ನೋಡಿದ ಘಟನೆ ಅದು. ಅದಕ್ಕೆ ಯಾವ ಅಭಿಪ್ರಾಯವೂ ಇಲ್ಲದ 12 ಜನ ಹೇಗೆ ಸಿಕ್ಕರು? ಮರಣದಂಡನೆ ಬೇಡ ಅನ್ನುವವರನ್ನು ಅಂಥ ಜ್ಯೂರಿಗೆ ತೆಗೆದುಕೊಳ್ಳುವುದೇ ಇಲ್ಲವಂತೆ. ಇದು ನಿಜವಾ? ನಿಜವಾದರೆ ನ್ಯಾಯವಾ?"

ಮೇಷ್ಟ್ರೇ,

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹೌದು, ನಿಜ. ನ್ಯಾಯವಾ ಅಂತ ಕೇಳಿದರೆ, ನನ್ನ ಮಟ್ಟಿಗೆ ಅಲ್ಲ. ಯಾಕೆ ಅಂತ ಹೇಳಬೇಕಾದರೆ ಬಾಸ್ಟನ್ ಕೇಸನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು.

2013ರ ಏಪ್ರಿಲ್ 15ರಂದು ಮ್ಯಾರಥಾನ್ ಮುಗಿಯುವ ಗೆರೆಯ ಹತ್ತಿರ ಎರಡು ಕುಕ್ಕರ್ ಬಾಂಬ್ ಸಿಡಿದವು. ಮೂವರು ಸತ್ತರು. ಅವರಲ್ಲಿ ಒಬ್ಬ ಎಂಟು ವರ್ಷದ ಹುಡುಗ. ಗಾಯಗೊಂಡವರು 260ಕ್ಕೂ ಜಾಸ್ತಿ, ಕಾಲು ಕಳೆದುಕೊಂಡವರೇ ಎಷ್ಟೋ ಮಂದಿ. ಮೂರು ದಿನದ ನಂತರ ಒಬ್ಬ ಪೊಲೀಸ್ ಅಧಿಕಾರಿಯ ಕೊಲೆಯಾಯಿತು. ಮಾರನೇ ದಿನ ಬಾಸ್ಟನ್ ಮತ್ತು ಸುತ್ತಲಿನ ಊರುಗಳ ಜನರಿಗೆ ಮನೆ ಬಿಟ್ಟು ಹೊರಗೆ ಬರಬೇಡಿ ಅಂದರು. ಬಾಂಬ್ ಇಟ್ಟವರು ಇಬ್ಬರು ಅಣ್ಣತಮ್ಮಂದಿರು. ಅಷ್ಟರಲ್ಲಿ ಅಣ್ಣ ತಮರ್ಲಾನ್ ಸತ್ತಿದ್ದ. ತಮ್ಮ ಝೋಖರ್ ತ್ಸರ್ನಾಯೆವ್, 19ರ ಹುಡುಗ, ಒಂದು ಮನೆಯ ಹಿತ್ತಲಲ್ಲಿ ನಿಲ್ಲಿಸಿದ್ದ ದೋಣಿಯೊಳಗೆ ಸಿಕ್ಕಿಬಿದ್ದ. ಅಂದರೆ ಆ ಊರಿನ ಜನ ಘಟನೆಯನ್ನು ಬರೀ ನೋಡಿದವರಲ್ಲ. ಬಾಗಿಲು ಹಾಕಿಕೊಂಡು ಒಳಗೆ ಕೂತು ಅನುಭವಿಸಿದವರು. ಜ್ಯೂರಿ ಬರಬೇಕಾಗಿದ್ದು ಇವರ ನಡುವಿನಿಂದಲೇ.

ಇನ್ನೊಂದು ವಿಷಯ. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದ ಕಾನೂನಿನಲ್ಲಿ ಮರಣದಂಡನೆ ಇಲ್ಲ. 1984ರಲ್ಲೇ ಅಲ್ಲಿನ ಕೋರ್ಟು ಅದನ್ನು ತೆಗೆದುಹಾಕಿತು. ಆದರೆ ಈ ಕೇಸು ಹಾಕಿದ್ದು ಫೆಡರಲ್ ಸರ್ಕಾರ, ಅಂದರೆ ನಮ್ಮ ಲೆಕ್ಕದಲ್ಲಿ ಕೇಂದ್ರ. ಕೇಂದ್ರದ ಕಾನೂನಿನಲ್ಲಿ ಮರಣದಂಡನೆ ಇದೆ. ಹಾಗಾಗಿ ಆ ಶಿಕ್ಷೆಯನ್ನೇ ಬೇಡ ಅಂದ ರಾಜ್ಯದ ಜನರನ್ನು ಕರೆದು, ಅದನ್ನು ಕೊಡಬಲ್ಲವರು ಯಾರು ಅಂತ ಹುಡುಕಬೇಕಾಯಿತು.

2015ರ ಜನವರಿಯ ಮೊದಲ ವಾರ 1,373 ಜನರನ್ನು ಕರೆಸಿದರು. ದಿನಕ್ಕೆ ಎರಡು ತಂಡ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಜಡ್ಜ್ ಜಾರ್ಜ್ ಓಟೂಲ್ ಕೇಸಿನ ವಿಷಯ ಹೇಳಿದರು. ಆರೋಪಿಯೂ ಅದೇ ಕೋಣೆಯಲ್ಲಿ ಇದ್ದ. ಆಮೇಲೆ ಎಲ್ಲರ ಕೈಗೂ 28 ಪುಟದ ಪ್ರಶ್ನಾವಳಿ ಕೊಟ್ಟರು. ಅದರಲ್ಲಿ 100 ಪ್ರಶ್ನೆ. ಏನು ಕೆಲಸ, ಮನೆಯಲ್ಲಿ ಯಾರಿದ್ದಾರೆ, ಯಾವ ಪೇಪರ್ ಓದುತ್ತೀರಿ, ಸ್ಫೋಟದಲ್ಲಿ ನಿಮ್ಮವರು ಯಾರಾದರೂ ಸಿಕ್ಕಿಕೊಂಡಿದ್ದರಾ. ಮರಣದಂಡನೆಯ ಬಗ್ಗೆ 1ರಿಂದ 10ರ ಅಳತೆಯಲ್ಲಿ ನೀವು ಎಲ್ಲಿ ನಿಲ್ಲುತ್ತೀರಿ? ಯಾವತ್ತೂ ಕೂಡದು ಅನ್ನುವವರು 1, ಬೇಕೇ ಬೇಕು ಅನ್ನುವವರು 10.

ತುಂಬಿದ ಹಾಳೆಗಳನ್ನು ಎರಡೂ ಕಡೆಯ ವಕೀಲರು ಓದುತ್ತಾರೆ. ಕಾಯಿಲೆಯವರು, ಮನೆಯಲ್ಲಿ ಚಿಕ್ಕ ಮಕ್ಕಳಿರುವವರು, ತಿಂಗಳುಗಟ್ಟಲೆ ಕೆಲಸ ಬಿಟ್ಟರೆ ಹೊಟ್ಟೆಗೆ ಕಷ್ಟ ಅನ್ನುವವರು ಇಲ್ಲೇ ಹೊರಗೆ ಹೋಗುತ್ತಾರೆ. ಆಗ ಫೆಡರಲ್ ಕೋರ್ಟಿನಲ್ಲಿ ಜ್ಯೂರಿಗೆ ಸಿಗುತ್ತಿದ್ದದ್ದು ದಿನಕ್ಕೆ 40 ಡಾಲರ್. ಕೂಲಿ ನಂಬಿ ಬದುಕುವವರಿಗೆ ಅದು ಯಾವ ಮೂಲೆಗೂ ಸಾಲದು. ಬಡವರು ಜ್ಯೂರಿಯಿಂದ ತಪ್ಪಿಹೋಗುವುದು ಹೀಗೆ, ಯಾರೂ ಬೇಡ ಅನ್ನದೆಯೇ.

ಉಳಿದವರನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತಾಡಿಸಿದರು. 256 ಜನ, 21 ದಿನ. ಆ ಚಳಿಗಾಲ ಬಾಸ್ಟನ್‌ನಲ್ಲಿ ದಾಖಲೆ ಹಿಮ ಬಿದ್ದು ಕೋರ್ಟಿಗೇ ರಜೆ ಕೊಡಬೇಕಾಯಿತು. ಒಂದು ಮೇಜಿನ ಸುತ್ತ ಜಡ್ಜ್, ಸರ್ಕಾರಿ ವಕೀಲರು, ಆರೋಪಿಯ ವಕೀಲರು, ಆರೋಪಿ. ನಡುವೆ ಹೊರಗಿನಿಂದ ಬಂದ ಒಬ್ಬ ಸಾಮಾನ್ಯ ಮನುಷ್ಯ. ಅವರಿಗೆ ಅಲ್ಲಿ ಹೆಸರಿಲ್ಲ, ನಂಬರ್ ಮಾತ್ರ. ಬರೆದ ಉತ್ತರವನ್ನು ಎದುರಿಗಿಟ್ಟು ಒಂದೊಂದಾಗಿ ಕೇಳುತ್ತಾ ಹೋಗುತ್ತಾರೆ. ಅವನೇ ಮಾಡಿದ್ದು ಅಂತ ಬರೆದಿದ್ದೀರಿ. ಅದನ್ನು ಪಕ್ಕಕ್ಕಿಟ್ಟು, ಕೋರ್ಟಿನಲ್ಲಿ ಕೇಳಿದ ಸಾಕ್ಷಿಯ ಮೇಲೆ ಮಾತ್ರ ತೀರ್ಮಾನ ಮಾಡಲು ನಿಮ್ಮಿಂದ ಆಗುತ್ತದಾ?

ಮೇಷ್ಟ್ರೇ, ಯಾವ ಅಭಿಪ್ರಾಯವೂ ಇಲ್ಲದವರು ಹೇಗೆ ಸಿಕ್ಕರು ಅಂದಿರಿ. ಅಂಥವರು ಸಿಗಲಿಲ್ಲ, ಕಾನೂನು ಅಂಥವರನ್ನೇ ಕೇಳುವುದೂ ಇಲ್ಲ. ಏನೂ ಗೊತ್ತಿರಬಾರದು ಅಂತ ನಿಯಮ ಇಲ್ಲ, ಗೊತ್ತಿರುವುದನ್ನು ಬದಿಗಿಡಲು ಆಗಬೇಕು ಅಂತ 1961ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಅದೇ ತೀರ್ಪಿನಲ್ಲಿ ಶಿಕ್ಷೆಯನ್ನು ರದ್ದೂ ಮಾಡಿತು. ಇಂಡಿಯಾನಾ ರಾಜ್ಯದ ಆ ಕೇಸಿನಲ್ಲಿ 12 ಜ್ಯೂರರ್‌ಗಳ ಪೈಕಿ ಎಂಟು ಜನ ವಿಚಾರಣೆಗೆ ಮೊದಲೇ ಅವನು ತಪ್ಪಿತಸ್ಥ ಅಂದುಕೊಂಡಿದ್ದರು. ಎಂಟೂ ಜನ, ನಾವು ನ್ಯಾಯವಾಗಿ ನಡೆದುಕೊಳ್ಳುತ್ತೇವೆ ಅಂದಿದ್ದರು. ಬಾಯಿಮಾತಿನ ಭರವಸೆ ಸಾಲದು ಅಂತ ಕೋರ್ಟಿಗೆ ಅನಿಸಿತು.

ಬಾಸ್ಟನ್‌ನಲ್ಲಿ ಎಡವಿದ್ದು ಇಲ್ಲೇ ಅಂತ ನನ್ನ ಅನಿಸಿಕೆ. ಪ್ರಶ್ನಾವಳಿಯ ಕರಡಿನಲ್ಲಿ ಒಂದು ಸರಳ ಪ್ರಶ್ನೆ ಇತ್ತು: ಇವತ್ತು ಕೋರ್ಟಿಗೆ ಬರುವ ಮೊದಲು ಈ ಕೇಸಿನ ಬಗ್ಗೆ ನಿಮಗೆ ಏನೇನು ಗೊತ್ತಿತ್ತು? ಜಡ್ಜ್ ಅದನ್ನು ತೆಗೆದುಹಾಕಿದರು. ಅಷ್ಟೊಂದು ಜನರಿಂದ ಬರುವ ಉತ್ತರಗಳನ್ನು ಸಂಭಾಳಿಸಲು ಆಗುವುದಿಲ್ಲ ಅನ್ನುವುದು ಅವರ ಅಳುಕು. ಅಭಿಪ್ರಾಯ ಇದೆಯಾ ಅಂತ ಕೇಳಿದರು. ಆ ಅಭಿಪ್ರಾಯ ಹುಟ್ಟಿದ್ದು ಯಾವುದರಿಂದ ಅಂತ ಎಲ್ಲರನ್ನೂ ಕೇಳಲಿಲ್ಲ. ಟಿ.ವಿ.ಯಲ್ಲಿ ಎರಡು ನಿಮಿಷ ಸುದ್ದಿ ನೋಡಿದವರೂ, ಪೇಪರಿನಲ್ಲಿ ಬಂದ ಪ್ರತಿ ಸಾಲನ್ನೂ ಓದಿದವರೂ ಒಂದೇ ಉತ್ತರ ಕೊಡಬಹುದು. ಒಬ್ಬ ಮನುಷ್ಯನ ಜೀವ ತೆಗೆಯುವ ಅಧಿಕಾರ ಕೊಡುವಾಗ ಇಷ್ಟನ್ನೂ ಕೇಳಬಾರದಾ?

ಈಗ ನಿಮ್ಮನ್ನು ಕಾಡಿದ ವಿಷಯಕ್ಕೆ ಬರುತ್ತೇನೆ. ಅಲ್ಲಿನ ವಕೀಲರು ಇಂಥ ಜ್ಯೂರಿಗೆ 'ಡೆತ್ ಕ್ವಾಲಿಫೈಡ್' ಅನ್ನುತ್ತಾರೆ. ಮರಣದಂಡನೆ ಕೊಡುವ ಸಂದರ್ಭ ಬಂದರೆ ಕೊಡಬಲ್ಲೆ ಅಂದವರು ಮಾತ್ರ ಅಲ್ಲಿ ಕೂರಬಹುದು. ಹಿಂದೆ ಇದು ಇನ್ನೂ ಒರಟಾಗಿತ್ತು. ಇಲಿನಾಯ್ ರಾಜ್ಯದ ವಿದರ್‌ಸ್ಪೂನ್ ಎಂಬಾತನ ಕೇಸಿನಲ್ಲಿ ಈ ಕಾರಣಕ್ಕೇ 47 ಜನರನ್ನು ಕಳಿಸಿಬಿಟ್ಟಿದ್ದರು. ಏನೇ ಆದರೂ ಕೊಡಲಾರೆ ಅಂತ ಖಚಿತವಾಗಿ ಹೇಳಿದ್ದವರು ಅವರಲ್ಲಿ ಐದೇ ಜನ. ಉಳಿದವರಿಗೆ ಇದ್ದದ್ದು ಬರೀ ಹಿಂಜರಿಕೆ. 1968ರಲ್ಲಿ ಸುಪ್ರೀಂ ಕೋರ್ಟು ಅದು ತಪ್ಪು ಅಂದಿತು. 1985ರಲ್ಲಿ ಮತ್ತೆ ಸ್ವಲ್ಪ ಸಡಿಲ ಮಾಡಿತು: ಆ ಅಭಿಪ್ರಾಯ ಜ್ಯೂರಿ ಕೆಲಸಕ್ಕೆ ದೊಡ್ಡ ಅಡ್ಡಿಯಾಗುತ್ತದೆ ಅಂತ ಜಡ್ಜ್‌ಗೆ ಅನಿಸಿದರೂ ಸಾಕು. 1992ರಲ್ಲಿ ತಕ್ಕಡಿಯ ಇನ್ನೊಂದು ಬದಿಯನ್ನೂ ನೋಡಿತು. ಕೊಲೆ ಅಂದರೆ ಸಾಕು ಮರಣದಂಡನೆಯೇ ಅನ್ನುವವರನ್ನೂ ಹೊರಗಿಡಬೇಕು ಅಂತ ಹೇಳಿತು.

ಎರಡೂ ತುದಿಯವರನ್ನು ತೆಗೆದರೆ ಸರಿಹೋಯಿತಲ್ಲ ಅನ್ನಬಹುದು. ಸರಿಹೋಗುವುದಿಲ್ಲ. ಯಾಕೆಂದರೆ ಶಿಕ್ಷೆ ತೀರ್ಮಾನಿಸುವ ಈ 12 ಜನರೇ ಅದಕ್ಕೂ ಮೊದಲು ಆರೋಪಿ ತಪ್ಪು ಮಾಡಿದ್ದಾನಾ ಇಲ್ಲವಾ ಅಂತಲೂ ತೀರ್ಮಾನಿಸುತ್ತಾರೆ. ಹೀಗೆ ಆರಿಸಿದ ಜ್ಯೂರಿ ತಪ್ಪಿತಸ್ಥ ಅನ್ನುವ ಕಡೆಗೇ ಜಾಸ್ತಿ ವಾಲುತ್ತದೆ ಅಂತ ತೋರಿಸುವ ಅಧ್ಯಯನಗಳನ್ನು 1986ರಲ್ಲಿ ಸುಪ್ರೀಂ ಕೋರ್ಟಿನ ಮುಂದಿಟ್ಟರು. ಅವು ಸರಿ ಅಂತಲೇ ಇಟ್ಟುಕೊಂಡರೂ ಸಂವಿಧಾನ ಇದನ್ನು ತಡೆಯುವುದಿಲ್ಲ ಅಂತ ಬಹುಮತದ ತೀರ್ಪು ಬಂತು. ಈ ಮಾತನ್ನು ಒಪ್ಪಲು ನನ್ನಿಂದ ಆಗುವುದಿಲ್ಲ. ತಪ್ಪಿನ ತೀರ್ಮಾನಕ್ಕೆ ಒಂದು ಜ್ಯೂರಿ, ಶಿಕ್ಷೆಗೆ ಬೇರೆ ಜ್ಯೂರಿ ಮಾಡಿದರೆ ಈ ತೊಡಕಿನ ಅರ್ಧ ಭಾಗ ಬಗೆಹರಿಯುತ್ತದೆ. ಖರ್ಚು ಜಾಸ್ತಿ, ಹೌದು. ಒಂದು ಜೀವದ ಪ್ರಶ್ನೆಯಲ್ಲಿ ಖರ್ಚಿನ ಮಾತು ಮೊದಲು ಬರಬಾರದು.

ಬಾಸ್ಟನ್‌ನಲ್ಲಿ ಇದರ ಪರಿಣಾಮ ಎದ್ದು ಕಾಣುತ್ತದೆ. ನಡೆದ ಜನಾಭಿಪ್ರಾಯ ಸಮೀಕ್ಷೆಗಳಲ್ಲಿ ಆ ಊರಿನ ಹೆಚ್ಚಿನ ಜನ ಅವನಿಗೆ ಜೀವನವಿಡೀ ಜೈಲೇ ಸಾಕು ಅಂದಿದ್ದರು. ಸತ್ತ ಆ ಎಂಟು ವರ್ಷದ ಹುಡುಗನ ಅಪ್ಪ ಅಮ್ಮ ಕೂಡ 2015ರ ಏಪ್ರಿಲ್‌ನಲ್ಲಿ ಪತ್ರಿಕೆಯಲ್ಲಿ ಬರೆದರು, ಮರಣದಂಡನೆ ಕೇಳುವುದನ್ನು ಸರ್ಕಾರ ಕೈಬಿಡಲಿ ಅಂತ. ಮೇಲ್ಮನವಿಗಳ ಮೇಲೆ ಮೇಲ್ಮನವಿ ನಡೆದು ತಮ್ಮ ಸಂಕಟ ವರ್ಷಗಟ್ಟಲೆ ಎಳೆಯುತ್ತದೆ ಅನ್ನುವುದು ಅವರ ನೋವು. ಆ ತಂದೆ ತಾಯಿಯಂತೆ ಯೋಚಿಸುವ, ಕೊಡಲಾರೆ ಅಂತ ಗಟ್ಟಿಯಾಗಿ ಹೇಳುವ ಬಾಸ್ಟನ್ನಿಗರು ಎಷ್ಟೇ ಜನ ಇದ್ದರೂ ಆ ಜ್ಯೂರಿಯಲ್ಲಿ ಒಬ್ಬರಿಗೂ ಜಾಗವಿರಲಿಲ್ಲ.

ಊರು ಬದಲಿಸಬಹುದಿತ್ತಲ್ಲ ಅಂತ ನೀವು ಕೇಳಬಹುದು. ಆರೋಪಿಯ ವಕೀಲರು ಮತ್ತೆ ಮತ್ತೆ ಕೇಳಿಕೊಂಡರು. ಜಡ್ಜ್ ಒಪ್ಪಲಿಲ್ಲ. ಒಕ್ಲಹೋಮಾ ಸಿಟಿಯಲ್ಲಿ 1995ರಲ್ಲಿ 168 ಜನರನ್ನು ಕೊಂದ ಟಿಮೊಥಿ ಮೆಕ್‌ವೇ ಕೇಸನ್ನು ಜಡ್ಜ್ ರಿಚರ್ಡ್ ಮ್ಯಾಚ್ ಬೇರೆ ರಾಜ್ಯದ ಡೆನ್ವರ್‌ಗೆ ಸಾಗಿಸಿದ್ದರು. ಅಲ್ಲೂ ಮರಣದಂಡನೆಯೇ ಆಯಿತು. ಆದರೆ ಗಾಯಗೊಂಡ ಊರೇ ಕೂತು ತೀರ್ಪು ಕೊಟ್ಟಿತು ಅನ್ನುವ ಮಾತು ಬರಲಿಲ್ಲ.

ಬಾಸ್ಟನ್‌ನಲ್ಲಿ ಕೊನೆಗೆ 75 ಜನ ಉಳಿದರು. ಇಲ್ಲಿಂದ ವಕೀಲರ ಸರದಿ. ಕಾರಣ ಹೇಳಿ ಒಬ್ಬರನ್ನು ಬೇಡ ಅನ್ನುವುದಕ್ಕೆ ಲೆಕ್ಕವಿಲ್ಲ, ಜಡ್ಜ್ ಒಪ್ಪಬೇಕು ಅಷ್ಟೇ. ಕಾರಣವನ್ನೇ ಹೇಳದೆ ಬೇಡ ಅನ್ನುವ ಹಕ್ಕೂ ಇದೆ. ಮರಣದಂಡನೆಯ ಫೆಡರಲ್ ಕೇಸಿನಲ್ಲಿ ಒಂದೊಂದು ಕಡೆಗೂ 20 ಸಲ, ಆರು ಜನ ಬದಲಿ ಜ್ಯೂರರ್‌ಗಳೂ ಇದ್ದುದರಿಂದ ಇಲ್ಲಿ 23 ಸಲ. ಬಣ್ಣ ನೋಡಿ ಇದನ್ನು ಬಳಸಬಾರದು ಅಂತ 1986ರಿಂದ ನಿಯಮ ಇದೆ. ಆದರೂ ಮಿಸಿಸಿಪ್ಪಿಯಲ್ಲಿ ಕರ್ಟಿಸ್ ಫ್ಲವರ್ಸ್ ಎಂಬ ಕಪ್ಪು ಮನುಷ್ಯನನ್ನು ಒಂದೇ ಕೇಸಿಗೆ ಆರು ಸಲ ವಿಚಾರಣೆಗೆ ನಿಲ್ಲಿಸಿದರು. ಆರೂ ಸಲ ಸೇರಿ, ಬೇಡ ಅನ್ನಲು ಅವಕಾಶವಿದ್ದ 42 ಕಪ್ಪು ಜ್ಯೂರರ್‌ಗಳಲ್ಲಿ 41 ಜನರನ್ನು ಸರ್ಕಾರಿ ವಕೀಲರು ಬೇಡ ಅಂದಿದ್ದರು. 2019ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆ ರದ್ದು ಮಾಡಿತು, ಮಾರನೇ ವರ್ಷ ಕೇಸನ್ನೇ ಕೈಬಿಟ್ಟರು. ಅಷ್ಟರಲ್ಲಿ ಅವರು ಇಪ್ಪತ್ತಕ್ಕೂ ಹೆಚ್ಚು ವರ್ಷ ಜೈಲಿನಲ್ಲಿ ಕಳೆದಿದ್ದರು.

ನಮ್ಮಲ್ಲಿ ಈ ಕಸರತ್ತು ಇಲ್ಲ. ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ನೌಕಾಪಡೆಯ ಅಧಿಕಾರಿ ನಾನಾವತಿಯ 1959ರ ಕೇಸಿನಲ್ಲಿ ಬಾಂಬೆಯ ಜ್ಯೂರಿ 8-1ರಲ್ಲಿ ಆತ ನಿರ್ದೋಷಿ ಅಂದದ್ದು, ಹೈಕೋರ್ಟು ಅದನ್ನು ತಳ್ಳಿಹಾಕಿದ್ದು ನಿಮಗೆ ನೆನಪಿರುತ್ತದೆ. 1973ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ. ನಮ್ಮಲ್ಲಿ ಮರಣದಂಡನೆ ಕೊಡುವುದು ಸೆಷನ್ಸ್ ಜಡ್ಜ್, ಹೈಕೋರ್ಟು ಅದನ್ನು ಖಾಯಂ ಮಾಡಬೇಕು. ಆ ಜಡ್ಜ್ 1ರಿಂದ 10ರಲ್ಲಿ ಎಲ್ಲಿ ನಿಲ್ಲುತ್ತಾರೆ ಅಂತ ಇಲ್ಲಿ ಯಾರೂ ಕೇಳುವುದಿಲ್ಲ. ಆದ್ದರಿಂದ ಅಲ್ಲಿನದನ್ನು ಕೀಳು ಅನ್ನಲು ನನಗೆ ಮನಸ್ಸಿಲ್ಲ. ಅವರು ಕೇಳುತ್ತಾರಲ್ಲ, ಪೂರ್ತಿ ಕೇಳಲಿ ಅನ್ನುವುದಷ್ಟೇ ನನ್ನ ತಕರಾರು.

ಮಾರ್ಚ್ 4ರಂದು ವಿಚಾರಣೆ ಶುರುವಾದ ದಿನವೇ ಆರೋಪಿಯ ವಕೀಲೆ ಜೂಡಿ ಕ್ಲಾರ್ಕ್, ಮಾಡಿದ್ದು ಇವನೇ ಅಂತ ಒಪ್ಪಿಕೊಂಡರು. ಉಳಿದದ್ದು ಜೀವದ ಪ್ರಶ್ನೆ ಮಾತ್ರ. ಮರಣದಂಡನೆಗೆ 12 ಜನರೂ ಒಪ್ಪಬೇಕು, ಒಬ್ಬರು ಬೇಡ ಅಂದರೂ ಜೀವನವಿಡೀ ಜೈಲು. ಎಲ್ಲರೂ ಒಪ್ಪಿದರು. ಮೇ 15ರಂದು, ಮರಣದಂಡನೆ ಕೊಡಬಹುದಾದ 17 ಆರೋಪಗಳ ಪೈಕಿ ಆರಕ್ಕೆ ಆ ಶಿಕ್ಷೆ ಅಂದರು. 2020ರಲ್ಲಿ ಮೇಲ್ಮನವಿ ಕೋರ್ಟು ಆ ಶಿಕ್ಷೆಯನ್ನು ರದ್ದು ಮಾಡಿತು. ಅದಕ್ಕೆ ಕೊಟ್ಟ ಮುಖ್ಯ ಕಾರಣಗಳಲ್ಲಿ ಒಂದು, ಜಡ್ಜ್ ತೆಗೆದುಹಾಕಿದ ಆ ಪ್ರಶ್ನೆ. 2022ರಲ್ಲಿ ಸುಪ್ರೀಂ ಕೋರ್ಟು 6-3ರಲ್ಲಿ ಶಿಕ್ಷೆಯನ್ನು ಮತ್ತೆ ಎತ್ತಿಹಿಡಿಯಿತು. ಏನು ಕೇಳಬೇಕು ಅನ್ನುವುದು ವಿಚಾರಣೆ ನಡೆಸುವ ಜಡ್ಜ್‌ಗೆ ಬಿಟ್ಟದ್ದು ಅಂತ ಹೇಳಿತು.

ಅಲ್ಲಿಗೂ ಮುಗಿಯಲಿಲ್ಲ. ಜ್ಯೂರಿಯಲ್ಲಿದ್ದ ಇಬ್ಬರು ಆಯ್ಕೆಯ ಹೊತ್ತಿನಲ್ಲಿ ನಿಜ ಹೇಳಿದ್ದರಾ ಅನ್ನುವ ಪ್ರಶ್ನೆ ಬಾಕಿ ಇತ್ತು. ಜ್ಯೂರಿಯ ಮುಖ್ಯಸ್ಥೆಯಾದವರು ಈ ಹಿಂದೆ ಟ್ವಿಟರ್‌ನಲ್ಲಿ ಸ್ಫೋಟದ ಬಗ್ಗೆ ಹಲವು ಸಲ ಬರೆದಿದ್ದರು. ಅವನನ್ನು ಕಸ ಅಂತ ಕರೆದಿದ್ದ ಬೇರೆಯವರ ಸಾಲನ್ನೂ ಹಂಚಿಕೊಂಡಿದ್ದರು. ಪ್ರಶ್ನಾವಳಿಯಲ್ಲಿ ಮಾತ್ರ ಇದನ್ನು ಹೇಳಿರಲಿಲ್ಲ. ಇನ್ನೊಬ್ಬರಿಗೆ ಫೇಸ್‌ಬುಕ್‌ನಲ್ಲಿ ಗೆಳೆಯರೊಬ್ಬರು, ಹೇಗಾದರೂ ನಟಿಸಿ ಜ್ಯೂರಿಗೆ ಸೇರಿಕೋ ಅನ್ನುವ ಅರ್ಥದಲ್ಲಿ ಬರೆದಿದ್ದರು. ಆರೋಪಿಯ ವಕೀಲರು ಇದನ್ನೆಲ್ಲ ಜ್ಯೂರಿ ಕೂರುವ ಮೊದಲೇ ಜಡ್ಜ್ ಗಮನಕ್ಕೆ ತಂದಿದ್ದರು. ಆಗಲೇ ಆ ಇಬ್ಬರನ್ನು ಒಳಗೆ ಕರೆದು ಹತ್ತು ನಿಮಿಷ ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ. 2024ರ ಮಾರ್ಚ್‌ನಲ್ಲಿ ಮೇಲ್ಮನವಿ ಕೋರ್ಟು, ಈ ಇಬ್ಬರ ವಿಷಯ ಸರಿಯಾಗಿ ವಿಚಾರಿಸಿ ಅಂತ ಕೇಸನ್ನು ಕೆಳಗೆ ಕಳಿಸಿತು. ಆ ಅಪ್ಪ ಅಮ್ಮ ಹೆದರಿದ್ದು ಇದಕ್ಕೇ ಅಲ್ವಾ?

ಇನ್ನು ನಿಮ್ಮ ಮಗಳ ವಿಷಯ. ಕಾಗದ ರಾಜ್ಯದ ಕೋರ್ಟಿನಿಂದ ಬಂದಿದ್ದರೆ ಮರಣದಂಡನೆಯ ಮಾತೇ ಬರುವುದಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಒಂದು ದಿನ ಇಲ್ಲವೇ ಒಂದು ಕೇಸು ಅನ್ನುವ ಪದ್ಧತಿ ಇದೆ. ಆರಿಸದಿದ್ದರೆ ಅದೇ ದಿನ ಸಂಜೆ ಮನೆಗೆ ಬರಬಹುದು. ಮೊದಲ ಮೂರು ದಿನದ ಸಂಬಳ ಕೆಲಸ ಕೊಟ್ಟವರೇ ಕೊಡಬೇಕು. ಜೊತೆಗೆ ಬಂದಿರುವ ಫಾರ್ಮನ್ನು ಸುಮ್ನೆ ಮೂಲೆಗೆ ಹಾಕದೆ ಗಡುವಿನೊಳಗೆ ತುಂಬಿ ಕಳಿಸಲು ಹೇಳಿ. ಕೋರ್ಟಿನಲ್ಲಿ ಯಾರಾದರೂ, ಈ ಕೇಸಿನ ಬಗ್ಗೆ ಏನಾದರೂ ಓದಿದ್ದೀರಾ, ಎಲ್ಲಾದರೂ ಬರೆದಿದ್ದೀರಾ ಅಂತ ಕೇಳಿದರೆ, ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ ಒಂದು ಸಾಲು ಇದ್ದರೂ ಅದನ್ನು ಹೇಳಿಬಿಡಲಿ.

— ಸಂಪಾದಕ