ಕಾಯ್ದೆ ರದ್ದಾದರೆ ನಮಗೇನು ಎಂದು ಕೇಳಿದ ತಂಗಿಗೆ

ಪ್ರಿಯ ತಂಗಿ,

ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ಸಿಗೆ ಬಂದು ಇನ್ನೂ ಮನೆಯ ಸಾಮಾನು ಜೋಡಿಸಿಕೊಳ್ಳುತ್ತಿರುವ ಹೊತ್ತಿನಲ್ಲಿ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ಪತಿಯ ಕಚೇರಿಯಲ್ಲಿ ಊಟದ ವೇಳೆ ಇಬ್ಬರು ಸಹೋದ್ಯೋಗಿಗಳು ಆರೋಗ್ಯ ವಿಮೆಯ ಕಾಯ್ದೆಯ ವಿಷಯಕ್ಕೆ ಮಾತು ಬೆಳೆಸಿ, ಕೊನೆಗೆ ಮುಖ ಕೊಟ್ಟು ಮಾತನಾಡದಷ್ಟು ದೂರವಾದರೆಂದು ಬರೆದಿದ್ದೀರಿ. ಜನ ಒಬಾಮಾಕೇರ್ ಎಂದು ಕರೆಯುವ ಆ ಕಾಯ್ದೆ ಒಂದು ವೇಳೆ ರದ್ದಾದರೆ, ಎಚ್-1ಬಿ ಎಂಬ ಕೆಲಸದ ವೀಸಾದ ಮೇಲಿರುವ, ಮತದಾನದ ಹಕ್ಕೇ ಇಲ್ಲದ ನಮ್ಮಂಥವರಿಗೆ ಅದರಿಂದ ಏನಾಗಬೇಕು ಎಂಬುದು ನಿಮ್ಮ ಪ್ರಶ್ನೆ. ಜೊತೆಗೆ ನಿಮ್ಮ ಹೆರಿಗೆಯ ಖರ್ಚು, ಬಾಣಂತನಕ್ಕೆ ತೀರ್ಥಹಳ್ಳಿಯಿಂದ ಬರಲಿರುವ ತಂದೆತಾಯಿಯ ವಿಮೆ, ಇಂಥ ಮಾತುಕತೆಗಳಿಂದ ದೂರವಿರುವುದೇ ಲೇಸಲ್ಲವೇ ಎಂಬ ಸಂದೇಹ. ತಂದೆಯವರಿಗೆ ಹೃದಯದಲ್ಲಿ ಸ್ಟೆಂಟ್ ಹಾಕಿದೆ ಎಂಬುದನ್ನು ಪತ್ರದ ಕಡೆಯಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ನನ್ನನ್ನು ಈ ಉತ್ತರ ಬರೆಯಲು ಕೂರಿಸಿದ್ದು ಆ ಸಾಲು.

ಹೆರಿಗೆಯ ವಿಷಯದಲ್ಲಿ ನೀವು ಗಾಬರಿಯಾಗಬೇಕಾಗಿಲ್ಲ. ಪತಿಯ ಕಂಪನಿಯ ವಿಮೆಯಲ್ಲಿ ನಿಮ್ಮ ಹೆಸರಿದ್ದರೆ ಖರ್ಚಿನ ಬಹುಪಾಲು ಅದರಲ್ಲೇ ಹೋಗುತ್ತದೆ. ಡಿಡಕ್ಟಿಬಲ್, ಅಂದರೆ ವಿಮೆ ಕೊಡಲು ತೊಡಗುವ ಮುನ್ನ ನೀವೇ ಭರಿಸಬೇಕಾದ ಮೊತ್ತ, ಎಷ್ಟು, ವರ್ಷಕ್ಕೆ ನೀವು ಕೈಯಿಂದ ಕೊಡಬೇಕಾದ ಗರಿಷ್ಠ ಮೊತ್ತ ಎಷ್ಟು, ವೈದ್ಯರೂ ಆಸ್ಪತ್ರೆಯೂ ವಿಮಾ ಕಂಪನಿಯೊಡನೆ ಒಪ್ಪಂದವಿರುವ ನೆಟ್‌ವರ್ಕಿನೊಳಗೆ ಇದ್ದಾರೆಯೇ ಎಂಬುದನ್ನು ಈಗಲೇ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ. ಮಗು ಹುಟ್ಟಿದ 30 ದಿನಗಳೊಳಗೆ ಅದನ್ನು ವಿಮೆಗೆ ಸೇರಿಸಿ, ನಾಮಕರಣದ ಮುಹೂರ್ತಕ್ಕೆ ಕಾಯಬೇಡಿ. ಪತಿಯ ಕೆಲಸ ಹೋದರೆ, ಬೇರೆ ಕೆಲಸ ಹುಡುಕಿಕೊಳ್ಳಲು ಇಲ್ಲವೇ ದೇಶ ಬಿಡಲು ವೀಸಾದ ಗಡುವು ಗರಿಷ್ಠ 60 ದಿನ. ವಿಮೆಯನ್ನು ಕೋಬ್ರಾ ಎಂಬ ಹಳೆಯ ಕಾಯ್ದೆಯಡಿ ಸಾಮಾನ್ಯವಾಗಿ 18 ತಿಂಗಳವರೆಗೆ ಮುಂದುವರಿಸಬಹುದಾದರೂ, ಕಂಪನಿ ಕಟ್ಟುತ್ತಿದ್ದ ಪಾಲನ್ನೂ ಸೇರಿಸಿ ಪೂರ್ತಿ ಪ್ರೀಮಿಯಂ ನೀವೇ ಕಟ್ಟಬೇಕಾಗುತ್ತದೆ. ಇಷ್ಟು ತಿಳಿದಿದ್ದರೆ ಸದ್ಯಕ್ಕೆ ಸಾಕು.

ಇನ್ನು ಕಾಯ್ದೆಯ ಮಾತು. ನಮ್ಮ ಕಡೆ ಮನೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಅಡಕೆ ಮಾರಿ, ಕೈಸಾಲ ಮಾಡಿ, ಮಣಿಪಾಲಕ್ಕೆ ಕರೆದುಕೊಂಡು ಹೋಗುವುದು ಹೇಗೆಂದು ನಿಮಗೆ ನಾನು ವಿವರಿಸಬೇಕಾಗಿಲ್ಲ. ಆ ದಾರಿ ಇಲ್ಲಿಲ್ಲ. ಇಲ್ಲಿನ ಆಸ್ಪತ್ರೆಯ ಬಿಲ್ಲು ತೋಟದ ಒಂದು ವರ್ಷದ ಫಸಲಿನಿಂದ ತೀರುವಂಥದಲ್ಲ, ಆದ್ದರಿಂದ ವಿಮೆಯಿಲ್ಲದ ಮನುಷ್ಯ ಇಲ್ಲಿ ಅಕ್ಷರಶಃ ನಿರಾಶ್ರಿತ. 2014ಕ್ಕೆ ಮೊದಲು, ಕಂಪನಿಯ ಮೂಲಕವಲ್ಲದೆ ಸ್ವಂತವಾಗಿ ವಿಮೆ ಕೊಳ್ಳಲು ಹೋದವರಿಗೆ ಹೆಚ್ಚಿನ ರಾಜ್ಯಗಳಲ್ಲಿ ವಿಮಾ ಕಂಪನಿಗಳು ಹಿಂದಿನ ಕಾಯಿಲೆಗಳ ಪಟ್ಟಿ ಕೇಳುತ್ತಿದ್ದವು. ಸಕ್ಕರೆ ಕಾಯಿಲೆಯೋ ಹೃದಯದ ತೊಂದರೆಯೋ ಇದೆಯೆಂದರೆ ಅರ್ಜಿಯನ್ನು ತಿರಸ್ಕರಿಸುವ ಅಧಿಕಾರ ಅವುಗಳಿಗಿತ್ತು. ಗರ್ಭಿಣಿಯರಿಗೂ ಅದೇ ಗತಿಯಾಗುತ್ತಿತ್ತು, ಮತ್ತು ಸ್ವಂತವಾಗಿ ಕೊಂಡ ಬಹುತೇಕ ಪಾಲಿಸಿಗಳಲ್ಲಿ ಹೆರಿಗೆಯ ವೆಚ್ಚವೇ ಸೇರಿರುತ್ತಿರಲಿಲ್ಲ. 2010ರ ಮಾರ್ಚ್ 23ರಂದು ಅಧ್ಯಕ್ಷ ಒಬಾಮಾ ಸಹಿ ಹಾಕಿದ ಕಾಯ್ದೆ ಈ ಪದ್ಧತಿಯನ್ನು ಕೊನೆಗೊಳಿಸಿತು. ಹಿಂದಿನ ಕಾಯಿಲೆಯ ಕಾರಣಕ್ಕೆ ಯಾರಿಗೂ ವಿಮೆ ನಿರಾಕರಿಸುವಂತಿಲ್ಲ, ಹೆಚ್ಚು ಹಣ ಕೇಳುವಂತೆಯೂ ಇಲ್ಲ. ಮಕ್ಕಳು 26 ವರ್ಷದವರೆಗೆ ತಂದೆತಾಯಿಯ ವಿಮೆಯಲ್ಲಿ ಉಳಿಯಬಹುದು. ಹೆರಿಗೆಯೂ ಸೇರಿದಂತೆ ಹತ್ತು ಬಗೆಯ ಅಗತ್ಯ ಸೇವೆಗಳು ಸ್ವಂತವಾಗಿ ಕೊಳ್ಳುವ ಹೊಸ ಪಾಲಿಸಿಗಳಲ್ಲೆಲ್ಲ ಇರಲೇಬೇಕು.

ನನ್ನ ತಂದೆತಾಯಿ ಗ್ರೀನ್ ಕಾರ್ಡ್ ಪಡೆದು ಇಲ್ಲಿಗೆ ಬಂದದ್ದು 2009ರಲ್ಲಿ. ನಾನು ಈ ದೇಶದ ಪೌರನಾಗುವವರೆಗೆ ಕಾದು, ಆಮೇಲೆ ಅರ್ಜಿ ಹಾಕಿ, ಇನ್ನು ಮುಂದೆ ಅವರು ನಮ್ಮೊಡನೆಯೇ ಇರುತ್ತಾರೆಂಬ ಸಂತೋಷದಲ್ಲಿ ಮನೆಯ ಕೆಳಗಿನ ಕೋಣೆಯನ್ನು ಅವರಿಗಾಗಿ ಸಿದ್ಧಪಡಿಸಿದ್ದೆ. ತಂದೆಯವರಿಗೆ ಸಕ್ಕರೆ ಕಾಯಿಲೆ ಇತ್ತು, ನಿಮ್ಮ ತಂದೆಯವರ ಹಾಗೆಯೇ ಸ್ಟೆಂಟ್ ಕೂಡ ಹಾಕಿಸಿಕೊಂಡಿದ್ದರು. ನನ್ನ ಕಂಪನಿಯ ವಿಮೆಯಲ್ಲಿ ಹೆಂಡತಿ ಮಕ್ಕಳಿಗೆ ಜಾಗವಿತ್ತು, ತಂದೆತಾಯಿಗೆ ಇರಲಿಲ್ಲ. ಹಿರಿಯರಿಗಾಗಿ ಸರ್ಕಾರ ನಡೆಸುವ ಮೆಡಿಕೇರ್ ಸಿಗಬೇಕಾದರೆ ಹೊಸದಾಗಿ ಬಂದವರು ಐದು ವರ್ಷ ಇಲ್ಲಿ ವಾಸವಾಗಿರಬೇಕಿತ್ತು, ಈಗಲೂ ಹಾಗೆಯೇ ಇದೆ. ಸ್ವಂತವಾಗಿ ಕೊಳ್ಳೋಣವೆಂದು ಅರ್ಜಿ ಹಾಕಿದರೆ, ಹೃದಯದ ಚಿಕಿತ್ಸೆಯ ಇತಿಹಾಸವನ್ನು ಕಾರಣವಾಗಿ ತೋರಿಸಿ ಕಂಪನಿಗಳು ಒಂದೊಂದಾಗಿ ಪತ್ರ ಬರೆದು ನಿರಾಕರಿಸಿದವು. ಕೊನೆಗೆ ಸಿಕ್ಕ ಅಲ್ಪಾವಧಿಯ ಪಾಲಿಸಿಯಲ್ಲಿ ಹೃದಯಕ್ಕೂ ಸಕ್ಕರೆ ಕಾಯಿಲೆಗೂ ಸಂಬಂಧಿಸಿದ ಯಾವ ಖರ್ಚೂ ಸೇರಿರಲಿಲ್ಲ. ಆ ಚಳಿಗಾಲದಲ್ಲಿ ಒಂದು ರಾತ್ರಿ ಅವರಿಗೆ ಎದೆನೋವು ಬಂದು ತುರ್ತು ವಿಭಾಗಕ್ಕೆ ಕರೆದೊಯ್ದೆವು. ಹಣವಿಲ್ಲವೆಂದು ತುರ್ತು ಚಿಕಿತ್ಸೆಯನ್ನು ನಿರಾಕರಿಸಬಾರದೆಂದು 1986ರ ಕಾಯ್ದೆ ಹೇಳುತ್ತದೆ, ಹಾಗಾಗಿ ನೋಡಿಕೊಂಡರು, ಚೆನ್ನಾಗಿಯೇ ನೋಡಿಕೊಂಡರು. ಅದೃಷ್ಟಕ್ಕೆ ಹೃದಯಾಘಾತವಾಗಿರಲಿಲ್ಲ. ಆದರೆ ಬಿಲ್ಲು ಬರಬಾರದೆಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ಅದನ್ನು ಕಂತುಕಂತಾಗಿ ತೀರಿಸಿದೆ, ಅದಕ್ಕಾಗಿ ನನಗೆ ಬೇಸರವಿಲ್ಲ. ತಂದೆಯವರು ಆ ಕಾಗದವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ್ದು ಮಾತ್ರ ಮರೆಯಲಾರೆ.

2010ರ ಮಾರ್ಚ್‌ನಲ್ಲಿ ಪ್ರತಿನಿಧಿ ಸಭೆ 219–212 ಮತಗಳಿಂದ ಕಾಯ್ದೆಯನ್ನು ಅಂಗೀಕರಿಸಿದಾಗ ಅವರು ನಮ್ಮ ಮನೆಯಲ್ಲಿಯೇ ಇದ್ದರು. ಒಬಾಮಾ ಅವರ ಎದುರು ಪಕ್ಷವಾದ ರಿಪಬ್ಲಿಕನ್ನರಲ್ಲಿ ಒಬ್ಬನೇ ಒಬ್ಬ ಸದಸ್ಯ ಪರವಾಗಿ ಮತ ಹಾಕಲಿಲ್ಲ. ತಮ್ಮಂಥವರಿಗೆ ಇದು ಯಾವಾಗಿನಿಂದ ಎಂದು ಅವರು ಕೇಳಿದರು. ಮಕ್ಕಳಿಗೆ ಆ ವರ್ಷವೇ, ದೊಡ್ಡವರಿಗೆ 2014ರ ಜನವರಿಯಿಂದ ಎಂದು ನಾನು ಹೇಳಬೇಕಾಯಿತು. ಅಷ್ಟು ವರ್ಷ ಮಗನ ತಲೆಯ ಮೇಲೆ ಆ ಭಯ ಹೊರಿಸಿ ಇರಲಾರೆನೆಂದು ಹೇಳಿ, ಆ ವರ್ಷ ನವರಾತ್ರಿಗೆ ಮುಂಚೆ ಅಮ್ಮನನ್ನೂ ಕರೆದುಕೊಂಡು ಊರಿಗೆ ಹೊರಟರು. 2012ರ ಮಳೆಗಾಲದಲ್ಲಿ ತೀರಿಕೊಂಡರು. ನಾನು ತಲುಪುವಷ್ಟರಲ್ಲಿ ಸಂಸ್ಕಾರ ಮುಗಿದಿತ್ತು. ಊರಿನಲ್ಲಿ ಅವರಿಗೆ ಒಳ್ಳೆಯ ಆರೈಕೆ ಸಿಕ್ಕಿತ್ತು ಎಂಬುದೊಂದು ಸಮಾಧಾನ. ಆದರೆ ಮೊಮ್ಮಕ್ಕಳ ಜೊತೆ ಕಳೆಯಬೇಕಾಗಿದ್ದ ವರ್ಷಗಳನ್ನು ಅವರಿಂದ ಕಿತ್ತುಕೊಂಡದ್ದು ಕಾಯಿಲೆಯಲ್ಲ, ಒಂದು ಕಾಯ್ದೆಯ ಜಾರಿಯ ದಿನಾಂಕ ಎಂಬ ಸಂಕಟ ನನ್ನಲ್ಲಿ ಇಂದಿಗೂ ಆರಿಲ್ಲ.

ನಿಮಗೂ ಇದಕ್ಕೂ ಇರುವ ಸಂಬಂಧ ಈಗ ತಿಳಿದಿರಬಹುದು. ಅಮ್ಮ 2014ರಲ್ಲಿ ಮತ್ತೆ ಗ್ರೀನ್ ಕಾರ್ಡ್ ಪಡೆದು ಬಂದಾಗ, ಹೆಲ್ತ್‌ಕೇರ್ ಡಾಟ್ ಗವ್ ಎಂಬ ಸರ್ಕಾರದ ಜಾಲತಾಣದಲ್ಲಿ ಅವರ ರಕ್ತದೊತ್ತಡದ ಬಗ್ಗೆಯಾಗಲಿ ಸಕ್ಕರೆಯ ಬಗ್ಗೆಯಾಗಲಿ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ವಯಸ್ಸು, ಊರು, ತಂಬಾಕಿನ ಅಭ್ಯಾಸ, ಇಷ್ಟರಿಂದಲೇ ಪ್ರೀಮಿಯಂ ನಿಶ್ಚಯವಾಯಿತು. ವಿಮೆಯ ಕಾರ್ಡ್ ಅಂಚೆಯಲ್ಲಿ ಬಂದ ದಿನ ಅಮ್ಮ ಅದನ್ನು ದೇವರ ಮುಂದೆ ಇಟ್ಟು ನಮಸ್ಕರಿಸಿದರು.

ಆ ಕಾರ್ಡಿನ ಹಿಂದೆ ಎಷ್ಟು ಕಾದಾಟ ನಡೆದಿತ್ತು, ಮುಂದೆ ಎಷ್ಟು ನಡೆಯಲಿತ್ತು ಎಂಬುದನ್ನು ಚಿಕ್ಕದಾಗಿ ಹೇಳುತ್ತೇನೆ. ನಮ್ಮ ಒಹಾಯೊದ ಮತದಾರರೇ 2011ರಲ್ಲಿ, ಈ ಕಾಯ್ದೆ ಹೇಳುವಂತೆ ವಿಮೆ ಕೊಳ್ಳಲು ಯಾರನ್ನೂ ಬಲವಂತಪಡಿಸಬಾರದೆಂಬ ತಿದ್ದುಪಡಿಯನ್ನು ದೊಡ್ಡ ಬಹುಮತದಿಂದ ರಾಜ್ಯದ ಸಂವಿಧಾನಕ್ಕೆ ಸೇರಿಸಿದರು. 2012ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 5–4ರಿಂದ ಕಾಯ್ದೆಯನ್ನು ಉಳಿಸಿತಾದರೂ, ಬಡವರಿಗಾಗಿ ಸರ್ಕಾರ ನಡೆಸುವ ಮೆಡಿಕೇಡ್ ವಿಮೆಯ ವಿಸ್ತರಣೆಯನ್ನು ರಾಜ್ಯಗಳ ಇಚ್ಛೆಗೆ ಬಿಟ್ಟಿತು. ಇಲ್ಲಿ ರಿಪಬ್ಲಿಕನ್ ಗವರ್ನರ್ ಜಾನ್ ಕೇಸಿಕ್ ಅವರು ತಮ್ಮ ಪಕ್ಷದ ಶಾಸಕರ ವಿರೋಧವನ್ನು ಎದುರಿಸಿ 2013ರಲ್ಲಿ ಆ ವಿಸ್ತರಣೆಯನ್ನು ಒಪ್ಪಿಕೊಂಡರು. ಟೆಕ್ಸಾಸ್ ಈ ಹೊತ್ತಿಗೂ ಒಪ್ಪಿಕೊಂಡಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾಯ್ದೆಗೆ ಹಣ ಕೊಡಬಾರದೆಂಬ ಪಟ್ಟಿನಿಂದ ಕೇಂದ್ರ ಸರ್ಕಾರದ ಕಚೇರಿಗಳು 16 ದಿನ ಮುಚ್ಚಿದವು. ಪ್ರತಿನಿಧಿ ಸಭೆಯಲ್ಲಿ ರದ್ದತಿಯ ಮತದಾನಗಳು ವರ್ಷ ವರ್ಷವೂ ಮರಳಿ ಬಂದವು. 2016ರ ಜನವರಿಯಲ್ಲಿ ಎರಡೂ ಸದನಗಳನ್ನು ದಾಟಿ ಬಂದ ರದ್ದತಿ ಮಸೂದೆಗೆ ಒಬಾಮಾ ವೀಟೊ ಹಾಕಿದರು.

ಟ್ರಂಪ್ ಅಧ್ಯಕ್ಷರಾದ 2017ರಲ್ಲಿ ಹಾಗೆ ತಡೆಯುವವರು ಇರಲಿಲ್ಲ. ಮೇ 4ರಂದು ಪ್ರತಿನಿಧಿ ಸಭೆ 217–213ರಿಂದ ಅಂಗೀಕರಿಸಿದ ಮಸೂದೆ ಕಾನೂನಾಗಿದ್ದರೆ, 2026ರ ಹೊತ್ತಿಗೆ ವಿಮೆಯಿಲ್ಲದವರ ಸಂಖ್ಯೆ 2.3 ಕೋಟಿಯಷ್ಟು ಹೆಚ್ಚುತ್ತದೆ ಎಂದು ಕಾಂಗ್ರೆಸ್ಸಿನ ಬಜೆಟ್ ಕಚೇರಿಯೇ ಅಂದಾಜು ಮಾಡಿತ್ತು. ವಯಸ್ಸಾದವರಿಂದ ಯುವಕರ ಮೂರು ಪಟ್ಟಿಗಿಂತ ಹೆಚ್ಚು ಪ್ರೀಮಿಯಂ ಕೇಳಬಾರದೆಂಬ ಮಿತಿಯನ್ನು ಆ ಮಸೂದೆ ಐದು ಪಟ್ಟಿಗೆ ಏರಿಸುತ್ತಿತ್ತು. ಅಮ್ಮನಿಗೆ ಮೆಡಿಕೇರ್ ಸಿಗಲು ಇನ್ನೂ ಕಾಲವಿತ್ತು. ಜುಲೈ 28ರ ನಸುಕಿನಲ್ಲಿ ಸೆನೆಟ್ಟಿನ ಮತದಾನವನ್ನು ನಾನು ಎದ್ದು ಕೂತು ನೋಡಿದೆ. ಒಹಾಯೊದ ಇಬ್ಬರು ಸೆನೆಟರುಗಳಲ್ಲಿ ರಾಬ್ ಪೋರ್ಟ್‌ಮನ್ ರದ್ದತಿಯ ಪರ, ಶೆರಡ್ ಬ್ರೌನ್ ವಿರುದ್ಧ. ರಿಪಬ್ಲಿಕನ್ ಸೆನೆಟರುಗಳಾದ ಸೂಸನ್ ಕಾಲಿನ್ಸ್ ಮತ್ತು ಲೀಸಾ ಮುರ್ಕೋವ್ಸ್ಕಿ ತಮ್ಮ ಪಕ್ಷದ ನಿಲುವಿಗೆ ವಿರುದ್ಧವಾಗಿ ನಿಂತಿದ್ದರು. ಮಿದುಳಿನ ಕ್ಯಾನ್ಸರ್ ಇದೆಯೆಂದು ಆ ತಿಂಗಳಷ್ಟೇ ತಿಳಿದಿದ್ದ ಅದೇ ಪಕ್ಷದ ಅರಿಜೋನಾದ ಸೆನೆಟರ್ ಜಾನ್ ಮೆಕೇನ್ ಮುಂದೆ ಬಂದು, ಬೇಡವೆಂದು ಹೆಬ್ಬೆರಳನ್ನು ಕೆಳಗೆ ಮಾಡಿದಾಗ, 49–51ರಿಂದ ರದ್ದತಿ ಬಿದ್ದುಹೋಯಿತು. ನನ್ನ ತಾಯಿಯ ಔಷಧಿ ಒಬ್ಬ ಅಪರಿಚಿತ ಮನುಷ್ಯನ ಕೈಬೆರಳಿನ ಮೇಲೆ ನಿಂತಿತ್ತೆಂಬುದನ್ನು ಅಂದು ಕಣ್ಣಾರೆ ಕಂಡೆ. ಆಮೇಲೆ ವಿಮೆಯಿಲ್ಲದವರಿಗಿದ್ದ ದಂಡವನ್ನು 2019ರಿಂದ ಶೂನ್ಯಕ್ಕೆ ಇಳಿಸಿದರು, ಕಾಯ್ದೆಯ ವಿರುದ್ಧದ ಇನ್ನೊಂದು ದೊಡ್ಡ ಮೊಕದ್ದಮೆಯನ್ನು 2021ರಲ್ಲಿ ಸುಪ್ರೀಂ ಕೋರ್ಟ್ 7–2ರಿಂದ ತಳ್ಳಿಹಾಕಿತು. ಕಾಯ್ದೆ ಉಳಿದಿದೆ.

ವಿರೋಧಿಸಿದವರೆಲ್ಲ ಕಲ್ಲು ಹೃದಯದವರೆಂದು ನೀವು ತಿಳಿಯಬಾರದು. ನಿಮ್ಮ ಪ್ಲಾನ್ ಇಷ್ಟವಿದ್ದರೆ ಅದನ್ನೇ ಇಟ್ಟುಕೊಳ್ಳಬಹುದೆಂದು ಒಬಾಮಾ ಪದೇ ಪದೇ ಕೊಟ್ಟ ಮಾತು ಉಳಿಯಲಿಲ್ಲ. 2013ರಲ್ಲಿ ಲಕ್ಷಾಂತರ ಜನರ ಹಳೆಯ ಪಾಲಿಸಿಗಳು ರದ್ದಾದವು, ಅವರು ಬಹಿರಂಗವಾಗಿ ವಿಷಾದವನ್ನೂ ವ್ಯಕ್ತಪಡಿಸಿದರು. ಪ್ರೀಮಿಯಂ ಕಟ್ಟಲು ಕಾಯ್ದೆ ಕೊಡುವ ಸಹಾಯಧನ ಸಿಗದಷ್ಟು ಆದಾಯವಿದ್ದು ಸ್ವಂತವಾಗಿ ವಿಮೆ ಕೊಳ್ಳುವ ಸಣ್ಣ ವ್ಯಾಪಾರಸ್ಥರಿಗೆ ಪ್ರೀಮಿಯಂ ಬಹಳ ಏರಿತು. ನಮ್ಮ ಕನ್ನಡಿಗರಲ್ಲೇ ಅಂಥವರಿದ್ದಾರೆ, ಅವರ ಸಿಟ್ಟಿಗೆ ಕಾರಣವಿದೆ. ಹಾಗೆಯೇ ಕಾಯ್ದೆಯ ಪರವಾಗಿ ವೈದ್ಯರನ್ನು ಸಂಘಟಿಸಿದವರಲ್ಲಿ ಒಬ್ಬರು ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ವಿವೇಕ್ ಮೂರ್ತಿ. ಅವರು ಸರ್ಜನ್ ಜನರಲ್, ಅಂದರೆ ಸಾರ್ವಜನಿಕ ಆರೋಗ್ಯದ ವಿಷಯದಲ್ಲಿ ದೇಶದ ಮುಖ್ಯ ವೈದ್ಯರ ಹುದ್ದೆಗೆ ನಾಮನಿರ್ದೇಶನಗೊಂಡಾಗ ಸೆನೆಟ್ ಒಂದು ವರ್ಷಕ್ಕೂ ಹೆಚ್ಚು ಕಾಲ ಕಾಯಿಸಿ 2014ರ ಡಿಸೆಂಬರ್‌ನಲ್ಲಿ 51–43ರಿಂದ ಒಪ್ಪಿತು. ಆ ದಿನ ನಾನು ಪಟ್ಟ ಹೆಮ್ಮೆಯನ್ನು ಮರೆಮಾಚುವುದಿಲ್ಲ. ಆದ್ದರಿಂದ ದೂರವಿರಬೇಕೇ ಎಂಬ ನಿಮ್ಮ ಸಂದೇಹಕ್ಕೆ ನನ್ನ ಉತ್ತರ ಹೀಗಿದೆ: ಕಚೇರಿಯ ಊಟದ ಮೇಜಿನಲ್ಲಿ ಪತಿ ಯಾವ ಪಕ್ಷವನ್ನೂ ಹಿಡಿದು ವಾದಿಸಬೇಕಾಗಿಲ್ಲ, ಆದರೆ ನೀವಿಬ್ಬರೂ ಸುದ್ದಿಯನ್ನು ಓದುತ್ತಲೇ ಇರಬೇಕು.

ಏಕೆಂದರೆ ಈಗಿನ ಜಗಳ ನಿಮ್ಮ ಬಾಗಿಲಿಗೇ ಬಂದಿದೆ. ಪೂರ್ತಿ ರದ್ದು ಮಾಡುವ ಮಾತು ಕಡಿಮೆಯಾಗಿ, ಅಂಚಿನಿಂದ ಕತ್ತರಿಸುವ ಕೆಲಸ ನಡೆಯುತ್ತಿದೆ. 2021ರಲ್ಲಿ ಹೆಚ್ಚಿಸಿದ ಸಹಾಯಧನವನ್ನು ಮುಂದುವರಿಸಬೇಕೇ ಬೇಡವೇ ಎಂಬ ಹಟದಲ್ಲಿ 2025ರ ಅಕ್ಟೋಬರ್ 1ರಿಂದ 43 ದಿನ ಸರ್ಕಾರ ಮುಚ್ಚಿತ್ತು, ಆದರೂ ಆ ವರ್ಷದ ಕೊನೆಗೆ ಆ ಹೆಚ್ಚುವರಿ ನೆರವು ನಿಂತುಹೋಯಿತು. 2025ರ ಜುಲೈ 4ರಂದು ಸಹಿಯಾದ ಕಾಯ್ದೆಯ ಪ್ರಕಾರ, 2027ರಿಂದ ಎಚ್-1ಬಿ ವೀಸಾದವರಿಗೆ ಈ ಸಹಾಯಧನ ಸಿಗುವುದಿಲ್ಲ; ಪೂರ್ತಿ ಬೆಲೆ ಕೊಟ್ಟು ವಿಮೆ ಕೊಳ್ಳಬಹುದು, ಅಷ್ಟೆ. ಕೆಲಸ ಹೋದ ಕುಟುಂಬಕ್ಕೆ ಇದು ಸಣ್ಣ ಮಾತಲ್ಲ. ಆದ್ದರಿಂದ ಕೆಲವು ತಿಂಗಳ ಪ್ರೀಮಿಯಂನಷ್ಟು ಹಣವನ್ನು ಬೇರೆಯಾಗಿಯೇ ಕೂಡಿಡಿ.

ನಿಮ್ಮ ತಂದೆತಾಯಿ ಪ್ರವಾಸಿ ವೀಸಾದಲ್ಲಿ ಬರುವುದರಿಂದ ಒಬಾಮಾಕೇರ್ ವಿಮೆ ಅವರಿಗೆ ಅನ್ವಯಿಸುವುದಿಲ್ಲ. ಅವರಿಗೆ ಸಂದರ್ಶಕರ ವಿಮೆಯೊಂದೇ ದಾರಿ, ಮತ್ತು ಆ ವಿಮೆಯ ಲೋಕದಲ್ಲಿ ಹಿಂದಿನ ಕಾಯಿಲೆಯ ಹಳೆಯ ನಿಯಮ ಇಂದಿಗೂ ಜೀವಂತವಾಗಿದೆ. ಒಂದೊಂದು ಚಿಕಿತ್ಸೆಗೂ ಇಂತಿಷ್ಟೇ ಎಂದು ಮೊತ್ತ ನಿಗದಿಪಡಿಸುವ ಅಗ್ಗದ ಪಾಲಿಸಿಯನ್ನು ದಯವಿಟ್ಟು ಕೊಳ್ಳಬೇಡಿ. ಸಮಗ್ರ ಪಾಲಿಸಿಯನ್ನೇ ಆರಿಸಿ, ಅದರಲ್ಲಿ ಹಳೆಯ ಕಾಯಿಲೆ ಏಕಾಏಕಿ ಉಲ್ಬಣಿಸಿದರೆ, ಅಂದರೆ ಅವರು ಅಕ್ಯೂಟ್ ಆನ್‌ಸೆಟ್ ಎನ್ನುವ ಸಂದರ್ಭದಲ್ಲಿ, ಹೃದಯಕ್ಕೆ ಎಷ್ಟು ಮೊತ್ತದವರೆಗೆ ಕೊಡುತ್ತಾರೆ, ತಂದೆಯವರ ವಯಸ್ಸಿಗೆ ಆ ಮೊತ್ತ ಇಳಿಯುತ್ತದೆಯೇ ಎಂಬುದನ್ನು ಓದಿ. ಸ್ಟೆಂಟ್ ಹಾಕಿದಾಗಿನ ಡಿಸ್ಚಾರ್ಜ್ ಸಮ್ಮರಿ, ಇತ್ತೀಚಿನ ಇಸಿಜಿ, ವೈದ್ಯರ ಚೀಟಿಯ ಸಮೇತ ಇಡೀ ಅವಧಿಗೆ ಸಾಲುವಷ್ಟು ಮಾತ್ರೆಗಳನ್ನು ಅವರು ಕೈಚೀಲದಲ್ಲೇ ತರಲಿ. ಹೊರಡುವ ಮುನ್ನ ಶಿವಮೊಗ್ಗದಲ್ಲೋ ಮಣಿಪಾಲದಲ್ಲೋ ಹೃದಯ ತಜ್ಞರಿಗೆ ಒಮ್ಮೆ ತೋರಿಸಲಿ. ಸಾಧ್ಯವಿದ್ದರೆ ಜನವರಿಯ ಕೊರೆಯುವ ಚಳಿಯಲ್ಲಿ ಅವರನ್ನು ಕರೆಸಬೇಡಿ. ಪಾಲಿಸಿ ಕೊಳ್ಳುವ ಮೊದಲು ಅದರ ಷರತ್ತುಗಳ ಪುಟಗಳನ್ನು ನನಗೆ ಕಳುಹಿಸಿ. ಹೊರತುಪಡಿಸಿದ ಕಾಯಿಲೆಗಳ ಪಟ್ಟಿಯನ್ನು ನಾನು ಸಾಲುಸಾಲಾಗಿ ಓದಿ ಹೇಳುತ್ತೇನೆ.