ಬಾಟಲಿ ಬದಲಿಸುವ ಮುಂಚೆ ನಿಪ್ಪಲ್ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಹಾಲು ಕುಡಿದ ಮೇಲೆ ಮಗು ಮುಲುಕುತ್ತದೆ, ಕಾಲು ಮಡಚಿ ಅಳುತ್ತದೆ, ಕುಡಿದದ್ದನ್ನು ಕಕ್ಕುತ್ತದೆ, ಯಾವ ಬಾಟಲಿ ತಂದರೆ ಇದು ನಿಲ್ಲುತ್ತದೆ ಎಂದು ಕೇಳಿದ್ದೀರಿ. ಅವುಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮಗಳಿಗೆ ಎರಡು ತಿಂಗಳು. ಫಾರ್ಮುಲಾ ಹಾಲು ಕೊಡುತ್ತಿದ್ದೇವೆ. ಕುಡಿಯುವಾಗಲೇ ಚಡಪಡಿಸುತ್ತಾಳೆ, ನಿಪ್ಪಲ್ ಬಿಟ್ಟು ಬಿಟ್ಟು ಹಿಡಿಯುತ್ತಾಳೆ. ಆಮೇಲೆ ಹೊಟ್ಟೆ ಉಬ್ಬಿ ಗಟ್ಟಿಯಾಗುತ್ತದೆ, ಹೂಸು ಬಿಟ್ಟ ಮೇಲೆ ಸರಿಹೋಗುತ್ತಾಳೆ. ಗ್ಯಾಸ್ ಆಗುವುದಿಲ್ಲ ಎಂದು ಬರೆದಿರುವ ಮೂರು ಬಗೆಯ ಬಾಟಲಿ ತಂದಾಯಿತು. ನಿಜವಾಗಿ ಕೆಲಸ ಮಾಡುವುದು ಯಾವುದು?

ಉತ್ತರ: ನಾಲ್ಕನೆಯದನ್ನು ತರಬೇಡಿ. ಇರುವ ಮೂರರಲ್ಲೇ ದಾರಿ ಇದೆ.

ಬಾಟಲಿಯೊಳಗೆ ಏನಾಗುತ್ತದೆ ಎಂದು ಮೊದಲು ತಿಳಿದುಕೊಳ್ಳೋಣ. ಹಾಲು ಹೊರಗೆ ಬಂದಷ್ಟೂ ಅದರ ಜಾಗಕ್ಕೆ ಗಾಳಿ ಒಳಗೆ ಹೋಗಬೇಕು. ಹೋಗಲು ದಾರಿ ಇಲ್ಲದಿದ್ದರೆ ಬಾಟಲಿ ಒಳಗಿನಿಂದ ಸೆಳೆಯಲು ಶುರುಮಾಡುತ್ತದೆ, ನಿಪ್ಪಲ್ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ, ಮಗು ಎಷ್ಟು ಎಳೆದರೂ ಹಾಲು ಬರುವುದಿಲ್ಲ, ಸಾಕಾಗಿ ಬಾಯಿ ಬಿಡುತ್ತದೆ. ಬಿಟ್ಟ ಕೂಡಲೇ ಗುಳುಗುಳು ಎಂದು ಗಾಳಿ ಒಳಗೆ ನುಗ್ಗುತ್ತದೆ. ಮತ್ತೆ ಅವಸರದಲ್ಲಿ ಬಾಯಿ ಹಾಕುವಾಗ ಮಗು ಹಾಲಿನ ಜೊತೆ ಗಾಳಿಯನ್ನೂ ನುಂಗುತ್ತದೆ. ನಿಮ್ಮ ಮಗಳು ಬಿಟ್ಟು ಬಿಟ್ಟು ಹಿಡಿಯುತ್ತಾಳೆ ಎಂದಿದ್ದೀರಲ್ಲ, ನನಗೆ ಮೊದಲು ಅನುಮಾನ ಬಂದದ್ದು ಇದರ ಮೇಲೆಯೇ.

ಗ್ಯಾಸ್ ತಡೆಯುವ ಬಾಟಲಿಗಳೆಲ್ಲ ಮಾಡುವುದು ಇಷ್ಟೇ, ಗಾಳಿಗೆ ಬೇರೆ ದಾರಿ ಕೊಡುವುದು. ಕೆಲವದರಲ್ಲಿ ನಿಪ್ಪಲ್‌ನ ಅಂಚಿನಲ್ಲಿ ಸಣ್ಣ ತೂತು ಇರುತ್ತದೆ. ಕೆಲವದರಲ್ಲಿ ಒಳಗೊಂದು ಕೊಳವೆ ಇದ್ದು ಗಾಳಿ ಹಾಲಿನ ಜೊತೆ ಬೆರೆಯದೆ ಹಿಂಭಾಗಕ್ಕೆ ಹೋಗುತ್ತದೆ. ಇನ್ನು ಕೆಲವದರಲ್ಲಿ ತಳದಲ್ಲೇ ವಾಲ್ವ್ ಇರುತ್ತದೆ. ಮೆತ್ತನೆ ಚೀಲ ಇರುವ ಬಗೆಯೂ ಇದೆ, ಹಾಲು ಖಾಲಿಯಾದಂತೆ ಚೀಲವೇ ಕುಗ್ಗುತ್ತದೆ, ಗಾಳಿಯೇ ಬೇಡ. ಇವುಗಳಲ್ಲಿ ಒಂದು ಎಲ್ಲಾ ಮಕ್ಕಳಿಗೂ ಒಳ್ಳೆಯದು ಎಂದು ಯಾರೂ ಸಾಬೀತು ಮಾಡಿಲ್ಲ. ಹಾಗಾಗಿ ಬಾಟಲಿಯ ಮೇಲಿನ ಬರಹಕ್ಕಿಂತ ಕುಡಿಯುವಾಗ ಮಗುವಿನ ಮುಖ ನೋಡುವುದು ವಾಸಿ.

ಈಗ ನಿಮ್ಮ ಮೂರು ಬಾಟಲಿಗಳ ಉಂಗುರವನ್ನು ಒಮ್ಮೆ ಪರೀಕ್ಷಿಸಿ. ಹಾಲು ಸೋರದಿರಲಿ ಎಂದು ಬಲವಾಗಿ ತಿರುಗಿಸಿ ಬಿಗಿ ಮಾಡುತ್ತೀರಾ? ನಿಪ್ಪಲ್‌ನ ಅಂಚಿನಲ್ಲಿ ತೂತಿರುವ ಬಾಟಲಿಯಲ್ಲಿ ಆ ದಾರಿ ಆಗ ಪೂರ್ತಿ ಮುಚ್ಚಿಹೋಗುತ್ತದೆ. ನನ್ನ ಮೊದಲ ಮಗುವಿಗೆ ನಾನು ಎರಡು ವಾರ ಹೀಗೇ ಕೊಟ್ಟಿದ್ದೆ. ಮಗು ಅಳುತ್ತಿತ್ತು, ನಾನೂ ಅಳುತ್ತಿದ್ದೆ. ಕೊನೆಗೆ ಒಬ್ಬ ನರ್ಸ್ ಬಂದು ಉಂಗುರವನ್ನು ಕಾಲು ಸುತ್ತು ಸಡಿಲ ಮಾಡಿದರು, ನೋಡನೋಡುತ್ತಲೇ ಹಾಲಿನಲ್ಲಿ ಸಣ್ಣ ಗುಳ್ಳೆ ಏಳತೊಡಗಿತು. ಆ ಗುಳ್ಳೆ ಏಳಬೇಕು, ಅದೇ ಗಾಳಿ ಸರಿಯಾದ ದಾರಿಯಲ್ಲಿ ಹೋಗುತ್ತಿದೆ ಅನ್ನುವ ಗುರುತು. ಒಳಗೆ ಕೊಳವೆ ಇರುವ ಬಾಟಲಿಯಾದರೆ ಗೆರೆ ಮೀರಿ ಹಾಲು ತುಂಬಬೇಡಿ, ಕೊಳವೆ ಹಾಕಿ ಮುಚ್ಚಿಟ್ಟು ಬಿಸಿ ಮಾಡಬೇಡಿ, ಒತ್ತಡಕ್ಕೆ ಹಾಲು ಮೇಲೇರಿ ಸೋರುತ್ತದೆ.

ಮುಂದಿನದು ನಿಪ್ಪಲ್. ನನ್ನ ಪ್ರಕಾರ ಬಾಟಲಿಗಿಂತ ಇದೇ ಮುಖ್ಯ. ಹಾಲು ತೀರಾ ಜೋರಾಗಿ ಬಂದರೂ ಗಾಳಿ, ತೀರಾ ನಿಧಾನ ಬಂದರೂ ಗಾಳಿ. ಜೋರಾದರೆ ಮಗು ಗಟಗಟ ನುಂಗುತ್ತದೆ, ಬಾಯಿಯ ಅಂಚಿನಿಂದ ಹಾಲು ಸುರಿಯುತ್ತದೆ, ಹುಬ್ಬು ಗಂಟಿಕ್ಕಿ ಬೆರಳು ಅಗಲಿಸುತ್ತದೆ, ಕೆಮ್ಮುತ್ತದೆ, ಹಾಲು ನೆತ್ತಿಗೇರುತ್ತದೆ. ನಿಧಾನವಾದರೆ ಕೆನ್ನೆ ಒಳಗೆ ಹೋಗುವಷ್ಟು ಎಳೆದು, ಸುಸ್ತಾಗಿ, ಅರ್ಧಕ್ಕೇ ನಿದ್ದೆ ಹೋಗುತ್ತದೆ. ನಿಪ್ಪಲ್ ಮೇಲಿನ 1, 2, 3 ಎಂಬ ನಂಬರ್ ನಂಬಿ ಕೂರಬೇಡಿ. ಒಂದು ಕಂಪನಿಯ 1 ಇನ್ನೊಂದು ಕಂಪನಿಯ 2ಕ್ಕಿಂತ ಜೋರಾಗಿರಬಹುದು, ಎಲ್ಲರಿಗೂ ಅನ್ವಯಿಸುವ ಒಂದೇ ಅಳತೆ ಇಲ್ಲ. ಬಾಟಲಿಯನ್ನು ತಲೆಕೆಳಗು ಮಾಡಿ ನೋಡಿ. ತೊಟ್ಟು ತೊಟ್ಟಾಗಿ ಬಿದ್ದರೆ ಸರಿ, ದಾರದಂತೆ ಸುರಿದರೆ ಎರಡು ತಿಂಗಳ ಕೂಸಿಗೆ ಅದು ಜಾಸ್ತಿ.

ಕುಡಿಯುವಾಗ ಟಕ್ ಟಕ್ ಎಂದು ಸದ್ದು ಬರುತ್ತಿದೆಯಾ? ಹಾಗಿದ್ದರೆ ತುಟಿ ಸರಿಯಾಗಿ ಕೂತಿಲ್ಲ. ನಿಪ್ಪಲ್‌ನ ತುದಿಯನ್ನಷ್ಟೇ ಅಲ್ಲ, ಅದರ ಬುಡದ ಅಗಲ ಭಾಗವನ್ನೂ ಮಗು ಬಾಯಿ ತುಂಬ ಹಿಡಿಯಬೇಕು. ಬುಡ ತೀರಾ ಅಗಲವಿದ್ದು ಸಣ್ಣ ಬಾಯಿಗೆ ಹಿಡಿಯಲಾಗದಿದ್ದರೆ ಕಿರಿದಾದ ನಿಪ್ಪಲ್ ಕೊಡಿ.

ಇನ್ನೊಂದು ವಿಷಯ, ಪುಡಿ ಬೆರೆಸುವಾಗ ಬಾಟಲಿಯನ್ನು ಜೋರಾಗಿ ಕುಲುಕುತ್ತೇವೆ ಅಲ್ವಾ? ಆಗ ಎದ್ದ ನೊರೆಯೆಲ್ಲ ಗಾಳಿಯೇ. ಮೆಲ್ಲಗೆ ಸುತ್ತಾಡಿಸಿ ಕರಗಿಸಿ, ನೊರೆ ಇಳಿಯುವ ತನಕ ಇಟ್ಟು ಕೊಡಿ. ಹಸಿದು ರಚ್ಚೆ ಹಿಡಿದ ಮೇಲೆ ಕೊಟ್ಟರೆ ಅಷ್ಟರಲ್ಲೇ ಅಳುತ್ತಾ ಗಾಳಿ ನುಂಗಿಯಾಗಿರುತ್ತದೆ. ಕೈ ಬಾಯಿಗೆ ಹಾಕಿಕೊಂಡು ತಲೆ ಆಚೆ ಈಚೆ ತಿರುಗಿಸಲು ಶುರುಮಾಡಿದಾಗಲೇ ಬಾಟಲಿ ಹಿಡಿಯಿರಿ.

ಮೂರರಲ್ಲಿ ಒಂದನ್ನು ಆರಿಸಿ, ನಾಲ್ಕೈದು ದಿನ ಅದೊಂದನ್ನೇ ಬಳಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಬೆಳಿಗ್ಗೆ ಒಂದು ಬಾಟಲಿ, ಸಂಜೆ ಇನ್ನೊಂದು ಎಂದು ಕೊಟ್ಟರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದೇ ಇಲ್ಲ. ಹೂಸು ಪೂರ್ತಿ ನಿಲ್ಲುತ್ತದೆ ಎಂದೂ ಕಾಯಬೇಡಿ, ಏಕೆಂದರೆ ಒಂದಷ್ಟು ಗ್ಯಾಸ್ ಹುಟ್ಟುವುದು ಕರುಳಿನೊಳಗೇ, ಹಾಲು ಅರಗುವಾಗ. ಅದನ್ನು ಯಾವ ಬಾಟಲಿಯೂ ತಡೆಯಲಾರದು.

ಪ್ರಶ್ನೆ: ನಾನು ಮೂರು ತಿಂಗಳ ಗಂಡುಮಗುವಿನ ತಂದೆ. ಐದೇ ನಿಮಿಷದಲ್ಲಿ ಬಾಟಲಿ ಖಾಲಿ ಮಾಡುತ್ತಾನೆ, ಆಮೇಲೆ ಅರ್ಧ ನನ್ನ ಭುಜದ ಮೇಲೆ ಕಕ್ಕುತ್ತಾನೆ. ಆದರೂ ನಗುತ್ತಿರುತ್ತಾನೆ, ತೂಕವೂ ಏರುತ್ತಿದೆ. ಹಾಲಿಗೆ ಸ್ವಲ್ಪ ಧಾನ್ಯದ ಪುಡಿ ಬೆರೆಸಿ, ನಿಪ್ಪಲ್‌ನ ತೂತು ಕತ್ತರಿಸಿ ದೊಡ್ಡದು ಮಾಡಿ ಕೊಟ್ಟರೆ ಹೊಟ್ಟೆಯಲ್ಲಿ ನಿಲ್ಲುತ್ತದೆ ಎಂದು ಪರಿಚಯದವರು ಹೇಳುತ್ತಾರೆ. ಮಾಡಬಹುದೇ?

ಉತ್ತರ: ಬೇಡ. ದಯವಿಟ್ಟು ಮಾಡಬೇಡಿ. ಈ ವಯಸ್ಸಿನ ಮಗುವಿಗೆ ಗಟ್ಟಿ ಹಾಲು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಕತ್ತರಿಸಿದ ನಿಪ್ಪಲ್‌ನಿಂದ ಎಷ್ಟು ಬರುತ್ತದೆ ಎಂದು ಹಿಡಿತವೇ ಇರುವುದಿಲ್ಲ, ಚೂರು ಹರಿದು ಬಾಯಿಗೆ ಹೋಗುವ ಭಯ ಬೇರೆ. ಹಾಲು ಗಟ್ಟಿ ಮಾಡಲೇಬೇಕಾದ ಮಕ್ಕಳು ಇದ್ದಾರೆ, ಆದರೆ ಅದನ್ನು ಮಕ್ಕಳ ಡಾಕ್ಟರ್ ನೋಡಿ ಹೇಳಬೇಕು.

ಕಕ್ಕುವುದು ಏಕೆ ಗೊತ್ತಾ? ಅನ್ನನಾಳ ಹೊಟ್ಟೆಗೆ ಸೇರುವಲ್ಲಿ ಒಂದು ಸ್ನಾಯುವಿನ ಬಿಗಿತ ಇರುತ್ತದೆ, ಕೂಸಿನಲ್ಲಿ ಅದು ಇನ್ನೂ ಬಲಿತಿಲ್ಲ. ಹೊಟ್ಟೆ ಚಿಕ್ಕದು, ಆಹಾರವೆಲ್ಲ ನೀರು, ದಿನದ ಬಹುಪಾಲು ಮಲಗಿಯೇ ಇರುವುದು. ಹಾಗಾಗಿ ಹಾಲು ವಾಪಸ್ ಬರುತ್ತದೆ. ಸಾಮಾನ್ಯವಾಗಿ 4 ತಿಂಗಳ ಹೊತ್ತಿಗೆ ಇದು ಜಾಸ್ತಿಯಾಗಿ, ಕೂರಲು ಕಲಿತ ಮೇಲೆ ಕಡಿಮೆಯಾಗುತ್ತಾ, ವರ್ಷ ತುಂಬುವಷ್ಟರಲ್ಲಿ ಹೆಚ್ಚಿನ ಮಕ್ಕಳಲ್ಲಿ ನಿಂತುಹೋಗುತ್ತದೆ. ನಿಮ್ಮ ಮಗ ನಗುತ್ತಿದ್ದಾನೆ, ತೂಕ ಏರುತ್ತಿದೆ. ಇದು ರೋಗವಲ್ಲ, ಒಗೆಯುವ ಬಟ್ಟೆ ಮಾತ್ರ ಜಾಸ್ತಿ.

ಆದರೆ ಐದು ನಿಮಿಷ ತೀರಾ ಬೇಗ. ನಿಧಾನ ಹರಿವಿನ ನಿಪ್ಪಲ್‌ಗೆ ಬದಲಿಸಿ. ಕೊಡುವ ರೀತಿಯನ್ನೂ ಬದಲಿಸಿ. ಮಗುವನ್ನು ಪೂರ್ತಿ ಮಲಗಿಸದೆ, ತೋಳಿನಲ್ಲಿ ತಲೆ ಎತ್ತರವಿರುವಂತೆ ಕೂರಿಸಿಕೊಳ್ಳಿ. ಬಾಟಲಿಯನ್ನು ಮೇಲಿನಿಂದ ಸುರಿದ ಹಾಗೆ ಹಿಡಿಯದೆ ನೆಲಕ್ಕೆ ಹೆಚ್ಚುಕಡಿಮೆ ಅಡ್ಡವಾಗಿ ಹಿಡಿಯಿರಿ. ಆಗ ಹಾಲು ತಾನಾಗಿ ಬೀಳುವುದಿಲ್ಲ, ಮಗು ಎಳೆದರೆ ಮಾತ್ರ ಬರುತ್ತದೆ. ಸ್ವಲ್ಪ ಹೊತ್ತು ಕುಡಿದ ಮೇಲೆ ಬಾಟಲಿಯನ್ನು ಕೆಳಗೆ ಬಾಗಿಸಿ, ಉಸಿರಾಡಲು ಬಿಡಿ, ಮತ್ತೆ ಕೇಳಿದರೆ ಕೊಡಿ. ಹೀಗೆ 15-20 ನಿಮಿಷ ಹಿಡಿಯಲಿ. ಹೊಟ್ಟೆ ತುಂಬಿದೆ ಎಂದು ಮಗುವಿಗೆ ಅನಿಸಲೂ ಸಮಯ ಬೇಕಲ್ಲ.

ಅಳತೆಯನ್ನೂ ನೋಡಿ. ಫಾರ್ಮುಲಾ ಕುಡಿಯುವ ಸಣ್ಣ ಮಕ್ಕಳಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ ಸುಮಾರು 150 ಮಿಲಿ ಎಂಬುದು ಸಾಮಾನ್ಯ ಲೆಕ್ಕ. 5 ಕಿಲೋ ಮಗುವಿಗೆ 750 ಮಿಲಿ, ಏಳು ಸಲ ಕೊಟ್ಟರೆ ಒಂದು ಸಲಕ್ಕೆ 100 ಮಿಲಿಗಿಂತ ಸ್ವಲ್ಪ ಹೆಚ್ಚು. ನೀವು ಒಂದೇ ಸಲ 180 ಕೊಡುತ್ತಿದ್ದರೆ ಹೆಚ್ಚಾದದ್ದು ಭುಜದ ಮೇಲೆ ಬರುತ್ತದೆ. ಸ್ವಲ್ಪ ಸ್ವಲ್ಪ, ಹೆಚ್ಚು ಸಲ ಕೊಡಿ. ಉಳಿದ ಹಾಲನ್ನು ಮುಗಿಸಲಿ ಎಂದು ಬಲವಂತ ಮಾಡಬೇಡಿ. ಬಾಯಿ ಹಾಕಿ ಬಿಟ್ಟ ಹಾಲನ್ನು ಮುಂದಿನ ಸಲಕ್ಕೂ ಇಡಬೇಡಿ, ಚೆಲ್ಲಿಬಿಡಿ.

ಪ್ರಶ್ನೆ: ಗ್ಯಾಸ್‌ಗೆ ಗಾಜಿನ ಬಾಟಲಿ ಒಳ್ಳೆಯದೋ ಪ್ಲಾಸ್ಟಿಕ್ ಒಳ್ಳೆಯದೋ? ಆರು ಭಾಗ ಇರುವ ಬಾಟಲಿಯನ್ನು ದಿನಕ್ಕೆ ಎಂಟು ಸಲ ತೊಳೆದು ಸಾಕಾಗಿದೆ.

ಉತ್ತರ: ಗ್ಯಾಸ್‌ಗೂ ಬಾಟಲಿ ಯಾವುದರಿಂದ ಮಾಡಿದ್ದು ಎಂಬುದಕ್ಕೂ ಸಂಬಂಧ ಇಲ್ಲ. ಬೇರೆ ಕಾರಣಕ್ಕೆ ನನಗೆ ಗಾಜು ಇಷ್ಟ. 2020ರಲ್ಲಿ ಪ್ರಕಟವಾದ ಒಂದು ಸಂಶೋಧನೆ, ಪಾಲಿಪ್ರೊಪಿಲೀನ್ ಬಾಟಲಿಯಲ್ಲಿ ಬಿಸಿ ನೀರು ಹಾಕಿ ಕುಲುಕಿದರೆ ಪ್ಲಾಸ್ಟಿಕ್‌ನ ಅತಿ ಸಣ್ಣ ಕಣಗಳು ಇಳಿಯುತ್ತವೆ, ನೀರು ಬಿಸಿಯಾದಷ್ಟೂ ಜಾಸ್ತಿ ಇಳಿಯುತ್ತವೆ ಎಂದು ತೋರಿಸಿತು. ಆದರೆ ಪುಡಿಯಲ್ಲಿ ರೋಗಾಣು ಇರಬಹುದಾದ್ದರಿಂದ ಕನಿಷ್ಠ 70 ಡಿಗ್ರಿ ಸೆಲ್ಸಿಯಸ್ ಬಿಸಿ ಇರುವ ನೀರಿನಲ್ಲೇ ಕಲಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾಗಿ ಪ್ಲಾಸ್ಟಿಕ್ ಬಾಟಲಿಯೇ ಇದ್ದರೆ, ಹಾಲನ್ನು ಶುಚಿಯಾದ ಗಾಜಿನ ಪಾತ್ರೆಯಲ್ಲಿ ಕಲಸಿ, ಆರಿಸಿ, ಮಣಿಕಟ್ಟಿನ ಮೇಲೆ ಒಂದು ತೊಟ್ಟು ಹಾಕಿ ನೋಡಿ, ಆಮೇಲೆ ಬಾಟಲಿಗೆ ಸುರಿಯಿರಿ.

ತೊಳೆಯುವ ಕಷ್ಟ ಸಣ್ಣದಲ್ಲ. ಕೊಳವೆಯಲ್ಲಿ, ವಾಲ್ವ್‌ನಲ್ಲಿ ಹಾಲು ಒಣಗಿ ಕೂತರೆ ಗಾಳಿಯ ದಾರಿಯೂ ಹೋಯಿತು, ಶುಚಿಯೂ ಹೋಯಿತು. ಎಲ್ಲ ಭಾಗವನ್ನೂ ಪ್ರತಿ ಸಲ ಬಿಡಿಸಿ ಸಣ್ಣ ಬ್ರಷ್ ಹಾಕಿ ತೊಳೆಯಲು ಆಗುವುದಿಲ್ಲ ಎಂದಾದರೆ ಕಡಿಮೆ ಭಾಗದ ಬಾಟಲಿಗೆ ಹೋಗಿ, ಕೊಡುವ ರೀತಿ ಸರಿ ಇದ್ದರೆ ಸರಳ ಬಾಟಲಿಯೂ ಸಾಕು. ನಿಪ್ಪಲ್ ಅಂಟಂಟಾಗಿದ್ದರೆ, ಬಿರುಕು ಬಿಟ್ಟಿದ್ದರೆ, ತೆಳ್ಳಗಾಗಿದ್ದರೆ ಎಸೆಯಿರಿ.

ಪ್ರಶ್ನೆ: ರಾತ್ರಿ ಹಾಲು ಕುಡಿದು ಹಾಗೇ ನಿದ್ದೆ ಹೋಗುತ್ತದೆ. ತೇಗು ಬರುವವರೆಗೆ ಅರ್ಧ ಗಂಟೆ ಬೆನ್ನು ತಟ್ಟುತ್ತೇನೆ, ಬರುವುದೇ ಇಲ್ಲ. ಕಕ್ಕಿದರೆ ಉಸಿರು ಕಟ್ಟೀತು ಎಂದು ತಲೆಯ ಕೆಳಗೆ ದಿಂಬು ಇಡುತ್ತೇನೆ. ಸರಿಯೇ?

ಉತ್ತರ: ದಿಂಬು ಇವತ್ತೇ ತೆಗೆಯಿರಿ. ಮಗು ಬೆನ್ನ ಮೇಲೆ, ಗಟ್ಟಿಯಾದ ಸಮತಟ್ಟು ಹಾಸಿಗೆಯಲ್ಲಿ ಮಲಗಬೇಕು, ಕಕ್ಕುವ ಮಗುವೂ ಅಷ್ಟೇ. ಬೆನ್ನ ಮೇಲೆ ಮಲಗಿದಾಗ ಶ್ವಾಸನಾಳ ಮೇಲಿರುತ್ತದೆ, ಅನ್ನನಾಳ ಅದರ ಕೆಳಗಿರುತ್ತದೆ, ಆದ್ದರಿಂದ ಮೇಲೆ ಬಂದ ಹಾಲು ಮೇಲಿನ ನಾಳಕ್ಕೆ ಹತ್ತುವುದು ಕಷ್ಟ. ದಿಂಬಿನಿಂದ ಕತ್ತು ಮಡಚಿದರೆ ಉಸಿರಿನ ದಾರಿಯೇ ಕಿರಿದಾಗುತ್ತದೆ. ಮಲಗಿದ ಮಗುವಿನ ಬಾಯಿಗೆ ಬಾಟಲಿ ಆನಿಸಿಟ್ಟು ಬರುವುದನ್ನಂತೂ ಯಾವತ್ತೂ ಮಾಡಬೇಡಿ.

ತೇಗಿನ ಬಗ್ಗೆ ಇಷ್ಟು ಚಿಂತೆ ಬೇಡ. 71 ತಾಯಿ-ಮಕ್ಕಳ ಜೋಡಿಗಳನ್ನು 3 ತಿಂಗಳು ಗಮನಿಸಿದ, 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೇಗಿಸಿದ ಮಕ್ಕಳ ಅಳು ಏನೂ ಕಡಿಮೆಯಾಗಲಿಲ್ಲ, ಕಕ್ಕುವುದು ಮಾತ್ರ ಜಾಸ್ತಿಯಾಯಿತು. ಸಣ್ಣ ಅಧ್ಯಯನ ಅದು, ಅದಕ್ಕಾಗಿ ತೇಗಿಸುವುದನ್ನೇ ಬಿಡಿ ಎನ್ನುವುದಿಲ್ಲ. ನಾಲ್ಕೈದು ನಿಮಿಷ ಮೆಲ್ಲಗೆ ನೋಡಿ, ಬರದಿದ್ದರೆ ಬಿಡಿ. ಎಚ್ಚರವಿದ್ದಾಗ ಕುಡಿದ ಮೇಲೆ 20-30 ನಿಮಿಷ ಎದೆಗೆ ಆನಿಸಿ ನೆಟ್ಟಗೆ ಎತ್ತಿಕೊಂಡಿರಿ. ಡೈಪರ್ ಹೊಟ್ಟೆಗೆ ಬಿಗಿಯಾಗಿರದಂತೆ ನೋಡಿಕೊಳ್ಳಿ.

ಪ್ರಶ್ನೆ: ಮಗುವಿಗೆ ಆರು ವಾರ. ನಾಲ್ಕು ಬಾಟಲಿ ಬದಲಿಸಿದೆ, ನಿಪ್ಪಲ್ ಬದಲಿಸಿದೆ, ನಿಧಾನವಾಗಿಯೂ ಕೊಟ್ಟೆ. ಸಂಜೆಯಾದರೆ ಮೂರು ಗಂಟೆ ಅಳು. ನಾನೇನೋ ತಪ್ಪು ಮಾಡುತ್ತಿದ್ದೇನೆ ಅನಿಸುತ್ತದೆ.

ಉತ್ತರ: ನೀವು ತಪ್ಪು ಮಾಡುತ್ತಿಲ್ಲ. ಮಕ್ಕಳ ಅಳು ತುಂಬ ಜಾಸ್ತಿ ಇರುವುದು ಸರಿಯಾಗಿ ಈ ಆರನೇ ವಾರದ ಸುಮಾರಿಗೇ, ಅದೂ ಸಂಜೆಯಲ್ಲೇ. ಆರೋಗ್ಯವಾಗಿರುವ ಮಗು ದಿನಕ್ಕೆ 3 ಗಂಟೆಗಿಂತ ಹೆಚ್ಚು, ವಾರಕ್ಕೆ 3 ದಿನಕ್ಕಿಂತ ಹೆಚ್ಚು ಅಳುವುದಕ್ಕೆ ಕೋಲಿಕ್ ಎನ್ನುತ್ತಾರೆ. 3-4 ತಿಂಗಳಿಗೆ ಅದು ತಾನಾಗಿ ಇಳಿಯುತ್ತದೆ. ಅಳುವಾಗ ಗಾಳಿ ನುಂಗುವುದರಿಂದ ಹೊಟ್ಟೆ ಉಬ್ಬುತ್ತದೆ, ನಾವು ಉಬ್ಬಿದ ಹೊಟ್ಟೆ ನೋಡಿ ಗ್ಯಾಸ್‌ನಿಂದ ಅಳುತ್ತಿದೆ ಎಂದುಕೊಳ್ಳುತ್ತೇವೆ, ಎಷ್ಟೋ ಸಲ ನಡೆಯುವುದು ತಿರುಗುಮುರುಗು.

ಆದರೂ ಒಮ್ಮೆ ಡಾಕ್ಟರ್‌ಗೆ ತೋರಿಸಿ, ತೂಕ ನೋಡಿಸಿ. ಮಲದಲ್ಲಿ ರಕ್ತ ಅಥವಾ ಲೋಳೆ ಇದ್ದರೆ ಹಸುವಿನ ಹಾಲಿನ ಪ್ರೋಟೀನ್ ಒಗ್ಗುತ್ತಿಲ್ಲವೇನೋ ಎಂದು ಕೇಳಿ, ಹಾಗಿದ್ದರೆ ಬದಲಿಸಬೇಕಾದದ್ದು ಬಾಟಲಿಯನ್ನಲ್ಲ, ಹಾಲನ್ನು. ವಾಂತಿ ಹಸಿರು ಬಣ್ಣವಿದ್ದರೆ, ರಕ್ತ ಇದ್ದರೆ, ಪ್ರತಿ ಸಲ ಕುಡಿದ ಮೇಲೂ ದೂರಕ್ಕೆ ಚಿಮ್ಮುವಂತೆ ವಾಂತಿಯಾದರೆ, ಮಗು ಹಾಲೇ ಬೇಡವೆಂದರೆ, ಒದ್ದೆ ಡೈಪರ್ ಕಡಿಮೆಯಾದರೆ, ಎಬ್ಬಿಸಿದರೂ ಮಂಕಾಗಿದ್ದರೆ, 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಇದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.

ಇವು ಯಾವುದೂ ಇಲ್ಲದಿದ್ದರೆ, ಆ ಮೂರು ಗಂಟೆಯನ್ನು ಒಬ್ಬರೇ ಕಳೆಯಬೇಡಿ. ಮನೆಯಲ್ಲಿ ಇನ್ನೊಬ್ಬರಿದ್ದರೆ ಮಗುವನ್ನು ಅವರ ಕೈಗೆ ಕೊಟ್ಟು ಬೇರೆ ಕೋಣೆಗೆ ಹೋಗಿ. ಯಾರೂ ಇಲ್ಲ, ಕೈ ನಡುಗುತ್ತಿದೆ, ತಾಳ್ಮೆ ಮುಗಿದಿದೆ ಅನಿಸಿದರೆ ಮಗುವನ್ನು ಬೆನ್ನ ಮೇಲೆ ತೊಟ್ಟಿಲಲ್ಲಿ ಮಲಗಿಸಿ ಬಾಗಿಲಾಚೆ ಬನ್ನಿ. ಯಾವ ಕಾರಣಕ್ಕೂ ಮಗುವನ್ನು ಹಿಡಿದು ಅಲುಗಾಡಿಸಬೇಡಿ. ಐದು ನಿಮಿಷ ಅದು ಅತ್ತರೆ ಏನೂ ಆಗುವುದಿಲ್ಲ. ಒಂದು ಲೋಟ ನೀರು ಕುಡಿದು, ಮುಖ ತೊಳೆದು, ಆಮೇಲೆ ಹೋಗಿ ಎತ್ತಿಕೊಳ್ಳಿ.